ದೋಣಿಯನ್ನು ತಿನ್ನುವುದು ಮಳೆನೀರು

ದೋಣಿಯ ಮರ ಹಾಳಾದರೆ ನಮ್ಮ ಕರಾವಳಿಯಲ್ಲಿ ಎಲ್ಲರೂ ಬೈಯುವುದು ಉಪ್ಪುನೀರನ್ನು. ‘ಕಡಲ ನೀರು ಮರ ತಿಂದುಹಾಕಿತು’ ಅಂತಾರೆ. ಹಾಗಾಗಿ ಮಳೆಗಾಲಕ್ಕೆ ಸಣ್ಣ ದೋಣಿಯನ್ನು ದಡಕ್ಕೆ ಎಳೆದ ಕೂಡಲೇ ಬಾವಿನೀರಲ್ಲಿ ತೊಳೆದು, ಟಾರ್ಪಾಲು ಬಿಗಿಯಾಗಿ ಸುತ್ತಿ, ತೆಂಗಿನ ಬುಡಕ್ಕೆ ಕಟ್ಟಿ ಬಿಡ್ತಾರೆ. ಆಗಸ್ಟಿನಲ್ಲಿ ಬಿಚ್ಚಿ ನೋಡಿದರೆ ಒಳಗೆ ಅಣಬೆ ಎದ್ದಿರುತ್ತದೆ. ಆಮೇಲೆ ಶುರು, ಯಾರದೋ ಕಣ್ಣು ಬಿತ್ತು, ಇಟ್ಟ ಜಾಗ ಸರಿ ಇಲ್ಲ ಅನ್ನುವ ಮಾತು. ಜಾಗ ಸರಿ ಇಲ್ಲ ಅನ್ನುವುದೇನೋ ನಿಜ, ಅಲ್ಲಿ ಗಾಳಿ ಆಡುವುದಿಲ್ಲ. ಆದರೆ ದೃಷ್ಟಿ ತೆಗೆಸಿ, ಕುಂಬಾದ, ಅಂದರೆ ಕೊಳೆತು ಮೆತ್ತಗಾದ ಹಲಗೆಯ ಮೇಲೇ ಹೊಸ ಬಣ್ಣ ಬಳಿದು ಕಡಲಿಗೆ ಇಳಿಯುವವರನ್ನು ನೆನೆದರೆ ನನಗೆ ನಿಜಕ್ಕೂ ಭಯ ಆಗುತ್ತದೆ. ಅಳಿವೆಯಲ್ಲಿ ಅಲೆ ಹೊಡೆದಾಗ ಮೊದಲು ಬಿರಿಯುವುದು ಅದೇ ಹಲಗೆ.

ಮರವನ್ನು ಕುಂಬು ಮಾಡುವುದು ಶಿಲೀಂಧ್ರ, ಅಂದರೆ ಬೂಷ್ಟು ಮತ್ತು ಅಣಬೆಯ ಕುಲ. ಅದಕ್ಕೆ ಮರ ಬೇಕು, ಗಾಳಿ ಬೇಕು, ಹದವಾದ ಶಾಖ ಬೇಕು, ಎಲ್ಲಕ್ಕಿಂತ ಜಾಸ್ತಿ ಸಿಹಿನೀರು ಬೇಕು. ಮರದಲ್ಲಿರುವ ನೀರು ಅದರ ಒಣ ತೂಕದ ಶೇ. 20ಕ್ಕಿಂತ ಕಡಿಮೆ ಇದ್ದರೆ ಅದು ಸುಮ್ನೆ ಬಿದ್ದಿರುತ್ತದೆ, ಸಾಯುವುದಿಲ್ಲ. ಶೇ. 30 ದಾಟಿದರೆ ಕೆಲಸ ಶುರು. ಈ 30ರ ಆಸುಪಾಸಿನಲ್ಲಿ ಏನಾಗುತ್ತದೆ ಅಂದರೆ, ಮರದ ಕೋಶಗಳ ಗೋಡೆ ಕುಡಿಯುವಷ್ಟು ನೀರು ಕುಡಿದು ಮುಗಿಸಿರುತ್ತದೆ, ಮಿಕ್ಕ ನೀರು ಕೋಶದ ಒಳಗಿನ ಟೊಳ್ಳಿನಲ್ಲಿ ನಿಲ್ಲಲು ತೊಡಗುತ್ತದೆ. ಶಿಲೀಂಧ್ರಕ್ಕೆ ಬಾಯಿ ಇಲ್ಲ. ಅದು ತನ್ನ ಎಳೆಗಳಿಂದ ಕಿಣ್ವ ಹೊರಗೆ ಬಿಟ್ಟು, ಮರವನ್ನು ಅಲ್ಲೇ ಕರಗಿಸಿ, ಕರಗಿದ್ದನ್ನು ಹೀರಿಕೊಳ್ಳುತ್ತದೆ. ಕಿಣ್ವ ಹೋಗುವುದಕ್ಕೂ ಆಹಾರ ಬರುವುದಕ್ಕೂ ಆ ನಿಂತ ನೀರೇ ದಾರಿ.

ಉಪ್ಪು ಈ ದಾರಿಯನ್ನೇ ಮುಚ್ಚುತ್ತದೆ. ನಮ್ಮ ಮನೆಗಳಲ್ಲಿ ಮಳೆಗಾಲಕ್ಕೆ ಹಲಸಿನ ಸೊಳೆಯನ್ನು ಉಪ್ಪಿನಲ್ಲಿ ಹಾಕಿಡುತ್ತಾರಲ್ವಾ, ಅದರ ಹಿಂದಿರುವುದೂ ಇದೇ ವಿಜ್ಞಾನ. ಹೊರಗೆ ಉಪ್ಪು ಜಾಸ್ತಿ ಇದ್ದರೆ ಸೂಕ್ಷ್ಮಜೀವಿಯ ಮೈಯಿಂದಲೇ ನೀರು ಹೊರಗೆ ಎಳೆದುಕೊಂಡು ಹೋಗುತ್ತದೆ. ಭರಣಿಗೆ ಒದ್ದೆ ಸೌಟು ಹಾಕಿದರೆ ಮೇಲೆ ಬೂಷ್ಟು ಬರುವುದು, ಆ ಜಾಗದಲ್ಲಿ ಉಪ್ಪು ತೆಳುವಾದದ್ದಕ್ಕೆ. ಭರಣಿಯಷ್ಟು ಉಪ್ಪು ಕಡಲಲ್ಲಿಲ್ಲ, ಲೀಟರಿಗೆ ಸುಮಾರು 35 ಗ್ರಾಂ ಅಷ್ಟೆ. ಆದರೂ ಆ ನೀರಿನ ಎಳೆತ ಗಾಳಿಯ ಒತ್ತಡದ ಸುಮಾರು 25 ಪಟ್ಟು. ಕಡಲಲ್ಲೂ ಬದುಕುವ ಶಿಲೀಂಧ್ರಗಳಿವೆ, ಆದರೆ ಅವುಗಳ ಕೆಲಸ ಬಹಳ ನಿಧಾನ. ಇನ್ನು ಸದಾ ನೀರಲ್ಲೇ ಮುಳುಗಿರುವ ಅಡಿಭಾಗಕ್ಕೆ ಗಾಳಿಯೇ ಸಿಗದು. ಅದಕ್ಕೇ ಮರದ ದೋಣಿ ಮೇಲಿನಿಂದ, ಒಳಗಿನಿಂದ ಕುಂಬಾಗುತ್ತಾ ಬರುತ್ತದೆ.

ಚಳಿದೇಶಗಳಲ್ಲಿ ದೋಣಿಯನ್ನು ದಡಕ್ಕೆ ಹಾಕುವುದು ಚಳಿಗಾಲಕ್ಕೆ. ಅಲ್ಲಿನ ತಲೆನೋವು ಬೇರೆ. ಸಂದಿಯಲ್ಲಿ ಸೇರಿದ ನೀರು ಹೆಪ್ಪುಗಟ್ಟಿ ಶೇ. 9ರಷ್ಟು ಹಿಗ್ಗುತ್ತದೆ, ಹಲಗೆ ಸೀಳುತ್ತದೆ. ಆದರೆ ಆ ಚಳಿಯಲ್ಲಿ ಶಿಲೀಂಧ್ರ ಬೆಳೆಯುವುದಿಲ್ಲ. ಉಡುಪಿಯಲ್ಲಿ ವರ್ಷಕ್ಕೆ ಬೀಳುವ ಸುಮಾರು 4000 ಮಿ.ಮೀ. ಮಳೆಯಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ, ಅದೂ 25ರಿಂದ 30 ಡಿಗ್ರಿಯ ಬೆಚ್ಚಗಿನ ಹವೆಯಲ್ಲಿ. ಶಿಲೀಂಧ್ರ ಬಯಸುವುದೂ ಅಷ್ಟನ್ನೇ.

ಇದು ಇಂಗ್ಲಿಷರಿಗೂ ತಡವಾಗಿ ಅರ್ಥವಾಯಿತು. 1684ರಲ್ಲಿ ಸ್ಯಾಮ್ಯುಯೆಲ್ ಪೀಪ್ಸ್ ನೌಕಾಪಡೆಯ ಆಡಳಿತಕ್ಕೆ ಮರಳಿದಾಗ, ಕೆಲವೇ ವರ್ಷ ಹಿಂದೆ ಕಟ್ಟಿದ ದೊಡ್ಡ ಹಡಗುಗಳು ಕಡಲಿಗೆ ಹೋಗದೆ ಬಂದರಿನಲ್ಲೇ ನಿಂತು ಕೊಳೆಯುತ್ತಿದ್ದವು. ಅವುಗಳ ಹೊಟ್ಟೆಯಲ್ಲಿ ತನ್ನ ಮುಷ್ಟಿಯಷ್ಟು ದಪ್ಪದ ಅಣಬೆಗಳನ್ನು ತಾನೇ ಕಿತ್ತೆ ಅಂತ ಆತ ಬರೆದಿಟ್ಟಿದ್ದಾನೆ. ಒಳಗೆ ಗಾಳಿ ಆಡಿಸಿರಲಿಲ್ಲ, ಗುಡಿಸಿರಲಿಲ್ಲ. ಮುಂದೆ ಅಮೆರಿಕದಲ್ಲಿ ಮರದ ಹಡಗು ಕಟ್ಟುವವರು ಹಲಗೆಗಳ ನಡುವಿನ ಟೊಳ್ಳಿಗೆ ಕಲ್ಲುಪ್ಪನ್ನೇ ತುಂಬಿಸುತ್ತಿದ್ದರು. ಮಳೆನೀರು ಇಳಿದರೂ ಉಪ್ಪುನೀರಾಗಿಯೇ ಇಳಿಯಲಿ ಅಂತ!

ಹಾಗಾದರೆ ಕಡಲಲ್ಲಿ ಮರಕ್ಕೆ ಶತ್ರುವೇ ಇಲ್ಲವಾ? ಇದೆ, ಹಡಗುಹುಳು. ಹೆಸರು ಹುಳು ಅಂತಿದ್ದರೂ ಅದು ಮರುವಾಯಿ ಅನ್ನುವ ಚಿಪ್ಪುಮೀನಿನ ನೆಂಟ, ಎರಡು ಪುಟ್ಟ ಚಿಪ್ಪುಗಳಿಂದ ಮರ ಕೊರೆಯುವ ಮೃದ್ವಂಗಿ. 1730ರ ದಶಕದಲ್ಲಿ ಹಾಲೆಂಡಿನ ಕಡಲಗೋಡೆಯ ಮರಗಳನ್ನು ಟೊಳ್ಳು ಮಾಡಿ ಇಡೀ ದೇಶವನ್ನು ನಡುಗಿಸಿದ ಪ್ರಾಣಿ ಇದು. ಅದಕ್ಕೆ ಉಪ್ಪುನೀರೇ ಬೇಕು. ಮಳೆಗಾಲದಲ್ಲಿ ನೇತ್ರಾವತಿ, ಫಲ್ಗುಣಿ ತುಂಬಿ ಅಳಿವೆಯ ನೀರು ಸಿಹಿಯಾದಾಗ ಅದಕ್ಕೆ ಕಷ್ಟ, ದಡದಲ್ಲಿ ಒಣಗಿದರಂತೂ ಸಾವು. ಅಂದರೆ ದಡಕ್ಕೆ ಎಳೆದು ಒಬ್ಬ ಶತ್ರುವನ್ನು ಕೊಲ್ಲುತ್ತೇವೆ, ಟಾರ್ಪಾಲು ಬಿಗಿದು ಇನ್ನೊಬ್ಬನನ್ನು ಸಾಕುತ್ತೇವೆ.

ಈಗ ರಿಪೇರಿ. ಬಣ್ಣ ನೋಡಿ ಮೋಸ ಹೋಗಬೇಡಿ. ಚೂಪು ಸ್ಕ್ರೂಡ್ರೈವರ್ ಹಿಡಿದು ಅಂಚಿನ ಪಟ್ಟಿಯ ಅಡಿ, ಮೂತಿಯ ಒಳಮೂಲೆ, ಅಡ್ಡಮರ ಹಲಗೆಗೆ ಕೂರುವ ಸಂದಿ ಇಲ್ಲೆಲ್ಲ ಒತ್ತಿ. ಹಲಗೆಯ ತುದಿಗಳನ್ನು ಮರೆಯಲೇಬಾರದು, ಮರ ಪಕ್ಕದಿಂದ ಕುಡಿಯುವುದಕ್ಕಿಂತ ಎಷ್ಟೋ ಬೇಗ ತುದಿಯಿಂದ ನೀರು ಕುಡಿಯುತ್ತದೆ. ಹಿಡಿಯಿಂದ ತಟ್ಟಿಯೂ ನೋಡಿ, ಗಟ್ಟಿ ಮರ ಟಣ್ ಅನ್ನುತ್ತದೆ, ಕುಂಬಾದದ್ದು ದಬ್ ಅನ್ನುತ್ತದೆ. ಒಳಗೆ ಕಂದು ಬಣ್ಣಕ್ಕೆ ತಿರುಗಿ ಚೌಕ ಚೌಕವಾಗಿ ಬಿರಿದಿದ್ದರೆ ಆ ತುಂಡು ಮುಗಿಯಿತು. ಕಣ್ಣಿಗೆ ಕಾಣುವ ಕುಂಬಿನಿಂದ ಒಂದು ಗೇಣು ಆಚೆಗೇ ಕತ್ತರಿಸಿ, ಯಾಕೆಂದರೆ ಎಳೆಗಳು ಕಣ್ಣಿಗೆ ಕಾಣದಷ್ಟು ದೂರ ಹೋಗಿರುತ್ತವೆ. ಉಳಿದ ಮರಕ್ಕೆ ಬೋರಾಕ್ಸ್ (ಬಿಳಿಗಾರ) ಕದಡಿದ ಬಿಸಿನೀರು ಹಚ್ಚಿ ಪೂರ್ತಿ ಒಣಗಿಸಿ. ಹೊಸ ತುಂಡಿಗೆ ಹೆಬ್ಬಲಸು ಒಳ್ಳೆಯದು, ಮಾವು ಬೇಗ ಕುಂಬಾಗುತ್ತದೆ. ಎಪಾಕ್ಸಿ ಅಂಟು ಹಾಕಿ ಕೂಡಿಸುವುದಾದರೆ ಎರಡೂ ತುಂಡಿನ ತುದಿಯನ್ನು ಓರೆಯಾಗಿ ಕೊಯ್ಯಿರಿ, ಆ ಓರೆ ಉದ್ದವಾಗಿರಲಿ, ಹಲಗೆ ಒಂದು ಇಂಚು ದಪ್ಪವಿದ್ದರೆ ಓರೆ ಎಂಟು ಇಂಚು.

‘ಮೇಲೆ ಫೈಬರ್ ಹೊದೆಸಿದರೆ ಆಯ್ತಲ್ಲ’ ಅನ್ನುವವರಿಗೆ ಒಂದು ಮಾತು. ಹಸಿ ಮರದ ಮೇಲೆ ಫೈಬರ್ ಹೊದೆಸಿದರೆ ನೀರು ಒಳಗೇ ಬಂದಿ. ಪೂರ್ತಿ ಫೈಬರ್ ದೋಣಿಯಲ್ಲೂ ಎಂಜಿನ್ ಕೂರಿಸುವ ಹಿಂಬದಿಯ ಹಲಗೆಯೊಳಗೆ ಹೆಚ್ಚಾಗಿ ಪ್ಲೈವುಡ್ ಇರುತ್ತದೆ. ಬೋಲ್ಟಿನ ತೂತಿನ ಸುತ್ತ ಅಂಟು ಬಿಟ್ಟಿದ್ದರೆ ಮಳೆನೀರು ಅಲ್ಲಿಂದಲೇ ಇಳಿಯುತ್ತದೆ. ಎಂಜಿನ್ ಬಿಚ್ಚಿದ ದಿನವೇ ಆ ತೂತುಗಳನ್ನು ಮುಚ್ಚಿ.

ಮುಂದಿನ ಮಳೆಗಾಲಕ್ಕೆ ದೋಣಿ ಇಡುವಾಗ ದಿಮ್ಮಿಗಳ ಮೇಲೆ ನೆಲದಿಂದ ಎತ್ತಿ ಕವುಚಿ ಹಾಕಿ. ಕವುಚಲಾಗದಷ್ಟು ಭಾರವಿದ್ದರೆ ಮೂತಿ ಮೇಲಿರಲಿ, ಅಡಿಯ ಬಿರಡೆ ತೆಗೆದಿರಲಿ. ಮೇಲೆ ಹೆಣೆದ ಮಡಲಿನ ಮಾಡು ಸಾಕು. ಟಾರ್ಪಾಲೇ ಆದರೆ ದೋಣಿಗೆ ತಾಗದ ಹಾಗೆ ಕೋಲು ಕೊಟ್ಟು, ಎರಡೂ ತುದಿ ತೆರೆದಿಡಿ. ಒಳಗೆ ಕಲ್ಲುಪ್ಪು ಎರಚಬಹುದಾ ಅಂತ ಕೇಳಿದರೆ, ಮೊಳೆ ನೋಡಿ ಹೇಳಬೇಕು. ತಾಮ್ರದ ಮೊಳೆಯಾದರೆ ಪರವಾಗಿಲ್ಲ. ಕಬ್ಬಿಣದ ಮೊಳೆಯಾದರೆ ಬೇಡ, ಉಪ್ಪು ಹವೆಯ ತೇವ ಎಳೆದು ಮೊಳೆಗೆ ತುಕ್ಕು ಹಿಡಿಸುತ್ತದೆ, ತುಕ್ಕು ಸುತ್ತಲಿನ ಮರವನ್ನೂ ಮೆತ್ತಗೆ ಮಾಡುತ್ತದೆ. ಅಂಥ ದೋಣಿಗೆ ಗಾಳಿಯೊಂದೇ ಮದ್ದು.