ಹೊಸ ಸ್ಪೋರ್ಟ್ಸ್ ಕಾರನ್ನು ಮೊದಲ ಎರಡು ಸಾವಿರ ಕಿಲೋಮೀಟರ್ ನಿಧಾನವಾಗಿಯೇ ಓಡಿಸಬೇಕೆ?

ಪ್ರಶ್ನೆ: ಮೊದಲ ಬಾರಿಗೆ ಸ್ಪೋರ್ಟ್ಸ್ ಕಾರು ತೆಗೆದುಕೊಂಡಿದ್ದೇನೆ. ಎರಡು ಸಾವಿರ ಕಿಲೋಮೀಟರ್ ಆಗುವವರೆಗೆ ಮೆಲ್ಲಗೆ ಓಡಿಸಿ ಅಂತ ಕೆಲವರು ಹೇಳುತ್ತಾರೆ. ಮೊದಲ ದಿನದಿಂದಲೇ ಚೆನ್ನಾಗಿ ಎಳೆಸದಿದ್ದರೆ ಎಂಜಿನ್ ಮಂದವಾಗುತ್ತದೆ ಅಂತ ಇನ್ನು ಕೆಲವರು. ಯಾರ ಮಾತು ಕೇಳಲಿ?

ಉತ್ತರ: ಎರಡೂ ಮಾತಿನಲ್ಲಿ ಅರ್ಧರ್ಧ ಸತ್ಯವಿದೆ. ಹೊಸ ಎಂಜಿನ್‌ಗೆ ಭಾರ ಬೀಳಬೇಕು, ಆದರೆ ಅದು ನಿಮಿಷಕ್ಕೆ ತಿರುಗುವ ಸುತ್ತು (ಆರ್‌ಪಿಎಂ) ಮಿತಿಯಲ್ಲಿರಬೇಕು. ವೇಗ, ಸುತ್ತು, ಭಾರ ಮೂರೂ ಬೇರೆ ಬೇರೆ ಎಂಬುದು ಗೊತ್ತಾದರೆ ಗೊಂದಲ ಅಲ್ಲಿಗೇ ಮುಗಿಯುತ್ತದೆ. ಟಾಪ್ ಗೇರಿನಲ್ಲಿ 100 ಕಿ.ಮೀ. ವೇಗದಲ್ಲಿ ಸುಮ್ಮನೆ ಹೋಗುವಾಗ ವೇಗ ಹೆಚ್ಚಿದ್ದರೂ ಎಂಜಿನ್ ಮೇಲೆ ಭಾರ ಕಡಿಮೆ. ಮೂರನೇ ಗೇರಿನಲ್ಲಿ 2500 ಆರ್‌ಪಿಎಂನಿಂದ ಅರ್ಧ ಆಕ್ಸಲರೇಟರ್ ಒತ್ತಿ ಏರು ಹತ್ತಿದರೆ ವೇಗ ಕಡಿಮೆ, ಭಾರ ಹೆಚ್ಚು. ಹೊಸ ಎಂಜಿನ್‌ಗೆ ಬೇಕಾದದ್ದು ಈ ಎರಡನೆಯದು.

ಕಾರಣ ಸಿಲಿಂಡರಿನ ಒಳಗಿದೆ. ಅದರ ಗೋಡೆ ನಮಗೆ ನುಣುಪಾಗಿ ಕಂಡರೂ, ಕಾರ್ಖಾನೆಯಲ್ಲಿ ಹೋನಿಂಗ್ (ಸಾಣೆಕಲ್ಲಿನಿಂದ ಉಜ್ಜುವುದು) ಮಾಡುವಾಗ ಅದರ ಮೇಲೆ ಒಂದನ್ನೊಂದು ಅಡ್ಡ ಹಾಯುವ ಸಣ್ಣ ಗೀರುಗಳನ್ನು ಬೇಕೆಂದೇ ಮೂಡಿಸಿರುತ್ತಾರೆ. ಗೀರಿನ ತಗ್ಗಿನಲ್ಲಿ ಆಯಿಲ್ ನಿಲ್ಲುತ್ತದೆ. ಗೀರಿನ ಏಣುಗಳು ಪಿಸ್ಟನ್ ರಿಂಗಿಗೆ (ಸಿಲಿಂಡರಿನಲ್ಲಿ ಮೇಲೆ ಕೆಳಗೆ ಓಡುವ ಪಿಸ್ಟನ್ನಿನ ಸುತ್ತಲಿನ ಬಳೆಗೆ) ಉಜ್ಜಿ ಒಂದಿಷ್ಟು ಸವೆಯುತ್ತವೆ, ರಿಂಗ್ ಕೂಡ ಗೋಡೆಗೆ ತಕ್ಕಂತೆ ಸವೆದು ಕೂರುತ್ತದೆ. ರಿಂಗನ್ನು ಗೋಡೆಗೆ ಒತ್ತುವುದು ಅದರ ಸ್ಪ್ರಿಂಗ್ ಗುಣ ಮಾತ್ರವಲ್ಲ, ಪೆಟ್ರೋಲ್ ಉರಿದಾಗ ಹುಟ್ಟುವ ಅನಿಲದ ಒತ್ತಡವೂ ರಿಂಗಿನ ಹಿಂದೆ ಹೊಕ್ಕು ಅದನ್ನು ಹೊರಕ್ಕೆ ತಳ್ಳುತ್ತದೆ. ಆಕ್ಸಲರೇಟರನ್ನು ಬರೀ ಸೋಕಿಸಿಕೊಂಡು ದಿನವಿಡೀ ಓಡಿಸಿದರೆ ಈ ಒತ್ತಡ ಸಾಲದು. ರಿಂಗ್ ಸರಿಯಾಗಿ ಕೂರುವ ಮೊದಲೇ ಗೀರುಗಳ ಮೇಲೆ ಸುಟ್ಟ ಆಯಿಲಿನ ಪದರ ಮೆತ್ತಿಕೊಂಡು ಗೋಡೆ ಹೊಳಪು ಕಟ್ಟುತ್ತದೆ. ಒಮ್ಮೆ ಹಾಗಾದರೆ ಆ ಎಂಜಿನ್ ಮುಂದೆ ಆಯಿಲ್ ತಿನ್ನುತ್ತಲೇ ಇರುತ್ತದೆ. ಹಾಗೆಂದು ಮೊದಲ ದಿನವೇ ಸುತ್ತನ್ನು ಕೆಂಪು ಗೆರೆಯವರೆಗೆ (ಮೀಟರಿನಲ್ಲಿ ಗುರುತು ಮಾಡಿರುವ ಗರಿಷ್ಠ ಮಿತಿಯವರೆಗೆ) ಏರಿಸಿದರೆ, ಇನ್ನೂ ಹೊಂದಿಕೊಳ್ಳದ ಮೇಲ್ಮೈಗಳ ನಡುವೆ ಬಿಸಿ ಮಿತಿಮೀರಿ ಆಯಿಲ್ ಪದರ ಕಡಿದುಹೋಗುತ್ತದೆ, ಲೋಹ ಲೋಹಕ್ಕೆ ತಾಗಿ ಗೀಚುತ್ತದೆ.

ಮಿತಿ ಎಷ್ಟು ಎಂಬುದನ್ನು ನಿಮ್ಮ ಕಾರಿನ ಕೈಪಿಡಿಯೇ ಹೇಳುತ್ತದೆ, ಅದೇ ಕೊನೆಯ ಮಾತು. ಕಂಪನಿಯಿಂದ ಕಂಪನಿಗೆ ಅದು ಬದಲಾಗುತ್ತದೆ. ಬಿಎಂಡಬ್ಲ್ಯು ತನ್ನ ಎಂ ಹೆಸರಿನ ಸ್ಪೋರ್ಟ್ಸ್ ಕಾರುಗಳಿಗೆ ಮೊದಲ 2000 ಕಿ.ಮೀ.ವರೆಗೆ 5500 ಆರ್‌ಪಿಎಂ ಮತ್ತು 170 ಕಿ.ಮೀ. ವೇಗದ ಮಿತಿ ಹಾಕುತ್ತದೆ. ಪೋರ್ಷೆ 911ರ ಹಲವು ಮಾದರಿಗಳಿಗೆ ಮೊದಲ 3000 ಕಿ.ಮೀ.ವರೆಗೆ 4000 ಆರ್‌ಪಿಎಂ ಆಸುಪಾಸಿನ ಮಿತಿಯಿದೆ. ಕೈಪಿಡಿ ಸ್ಪಷ್ಟವಾಗಿ ಏನೂ ಹೇಳದಿದ್ದರೆ ಮೊದಲ 1500 ಕಿ.ಮೀ.ವರೆಗೆ ಕೆಂಪು ಗೆರೆಯ ಮೂರನೇ ಎರಡರಷ್ಟು ಸುತ್ತಿನೊಳಗೆ ಇರಿ.

ಓಡಿಸುವ ಕ್ರಮ ಹೀಗಿರಲಿ. ಎಂಜಿನ್ ಪೂರ್ತಿ ಬಿಸಿಯಾದ ಮೇಲೆ ಮೂರನೇ ಅಥವಾ ನಾಲ್ಕನೇ ಗೇರಿನಲ್ಲಿ 2000 ಆರ್‌ಪಿಎಂನಿಂದ ಅರ್ಧದಿಂದ ಮುಕ್ಕಾಲು ಆಕ್ಸಲರೇಟರ್ ಒತ್ತಿ 4000ದವರೆಗೆ ಎಳೆಸಿ. ಕಾಲು ತೆಗೆದು, ಗೇರಿನಲ್ಲೇ ಇಟ್ಟು ಎಂಜಿನ್ ತಾನಾಗಿ ಇಳಿಯಲು ಬಿಡಿ. ಒಂದೆರಡು ನಿಮಿಷ ಸಾಮಾನ್ಯವಾಗಿ ಓಡಿಸಿ ಮತ್ತೆ ಹಾಗೇ ಮಾಡಿ. ಇದಕ್ಕೆ ಏರಿಳಿತ, ತಿರುವು ಇರುವ ರಸ್ತೆ ಹೇಳಿ ಮಾಡಿಸಿದಂತಿರುತ್ತದೆ. ಉದ್ದನೆಯ ಹೆದ್ದಾರಿಯಲ್ಲಿ ಕ್ರೂಸ್ ಕಂಟ್ರೋಲ್ ಹಾಕಿ ಒಂದೇ ವೇಗದಲ್ಲಿ ಮೂರು ಗಂಟೆ ಹೋಗುವುದು ರನ್ನಿಂಗ್ ಇನ್‌ಗೆ, ಅಂದರೆ ಹೊಸ ಭಾಗಗಳನ್ನು ಹೀಗೆ ಪಳಗಿಸುವುದಕ್ಕೆ, ಎಲ್ಲಕ್ಕಿಂತ ಕೆಟ್ಟದ್ದು. ಅನಿವಾರ್ಯವಾಗಿ ಹೋಗಬೇಕಾಗಿ ಬಂದರೆ ಹತ್ತು ನಿಮಿಷಕ್ಕೊಮ್ಮೆ ಗೇರ್ ಇಳಿಸಿ ಸುತ್ತು ಬದಲಿಸುತ್ತಿರಿ.

ಕಾಳಜಿ ಅಂದುಕೊಂಡು ಹಲವರು ಮಾಡುವ ತಪ್ಪೊಂದಿದೆ. ಸುತ್ತು ಏರಬಾರದೆಂದು ಆರನೇ ಗೇರಿಗೆ ಹಾಕಿ, 1300 ಆರ್‌ಪಿಎಂನಲ್ಲಿ ಆಕ್ಸಲರೇಟರನ್ನು ತಳದವರೆಗೆ ಒತ್ತುತ್ತಾರೆ. ಎಂಜಿನ್ ಏದುಸಿರು ಬಿಡುತ್ತದೆ. ಅಷ್ಟು ಕಡಿಮೆ ಸುತ್ತಿನಲ್ಲಿ ಬೇರಿಂಗುಗಳ ಆಯಿಲ್ ಪದರ ತೆಳುವಾಗಿರುತ್ತದೆ, ಪಿಸ್ಟನ್ನಿನ ಹೊಡೆತ ಮಾತ್ರ ಜೋರು. ಪೆಟ್ರೋಲನ್ನು ನೇರ ಸಿಲಿಂಡರಿಗೆ ಚಿಮ್ಮುವ ಟರ್ಬೊ ಎಂಜಿನ್‌ಗಳಲ್ಲಿ ಪ್ಲಗ್ ಕಿಡಿ ಹಾರುವ ಮೊದಲೇ ಮಿಶ್ರಣ ತಾನಾಗಿ ಹೊತ್ತಿಕೊಳ್ಳುವ ಅಪಾಯವೂ ಇದೇ ಸ್ಥಿತಿಯಲ್ಲಿ ಹೆಚ್ಚು. ಅಂಥ ಒಂದೇ ಹೊಡೆತಕ್ಕೆ ಪಿಸ್ಟನ್ ಬಿರುಕು ಬಿಡಬಹುದು. ವೇಗ ಬೇಕೆನಿಸಿದಾಗ ಮೊದಲು ಗೇರ್ ಇಳಿಸಿ, ಆಮೇಲೆ ಆಕ್ಸಲರೇಟರ್ ಒತ್ತಿ. ನಿಂತಲ್ಲಿಂದ ಪೂರ್ತಿ ಬಲದಲ್ಲಿ ಕಾರನ್ನು ಚಿಮ್ಮಿಸುವ ಲಾಂಚ್ ಕಂಟ್ರೋಲನ್ನಂತೂ ರನ್ನಿಂಗ್ ಇನ್ ಮುಗಿಯುವವರೆಗೆ ಮುಟ್ಟಲೇಬೇಡಿ.

ರನ್ನಿಂಗ್ ಇನ್ ಬೇಕಿರುವುದು ಎಂಜಿನ್‌ಗೆ ಮಾತ್ರ ಎಂದುಕೊಳ್ಳಬೇಡಿ. ಹೊಸ ಟೈರಿನ ಮೇಲ್ಮೈಯಲ್ಲಿ ಅಚ್ಚಿನಿಂದ ಬಿಡಿಸಲು ಬಳಸಿದ ಜಾರುವ ಪದಾರ್ಥ ಉಳಿದಿರಬಹುದು, ಪೂರ್ತಿ ಹಿಡಿತ ಸಿಗಲು ಸುಮಾರು 300 ಕಿ.ಮೀ. ಬೇಕು. ಕಾರು ಮನೆಗೆ ಬಂದ ದಿನವೇ ಮಳೆಯಾದರೆ ತಿರುವಿನಲ್ಲಿ ವಿಶೇಷ ಎಚ್ಚರ ಇರಲಿ. ಬ್ರೇಕಿಗೆ ಸುಮಾರು 500 ಕಿ.ಮೀ. ಬೇಕು. ಎಂಜಿನ್ ಶಕ್ತಿಯನ್ನು ಎಡ ಬಲ ಚಕ್ರಗಳಿಗೆ ಹಂಚುವ ಡಿಫರೆನ್ಷಿಯಲ್‌ನ ಹಲ್ಲುಗಳು ಒಂದಕ್ಕೊಂದು ಹೊಂದಿಕೊಳ್ಳುವಾಗ ಲೋಹದ ಸೂಕ್ಷ್ಮ ಪುಡಿ ಆಯಿಲಿಗೆ ಸೇರುತ್ತದೆ. ಬಿಎಂಡಬ್ಲ್ಯು ಎಂ ಕಾರುಗಳಿಗೆ 2000 ಕಿ.ಮೀ. ಆದಾಗ ಪ್ರತ್ಯೇಕ ಸರ್ವಿಸ್ ಇಟ್ಟು ಎಂಜಿನ್ ಆಯಿಲ್ ಜೊತೆಗೆ ಡಿಫರೆನ್ಷಿಯಲ್ ಆಯಿಲನ್ನೂ ಬದಲಿಸುವುದು ಇದೇ ಕಾರಣಕ್ಕೆ. ನಿಮ್ಮ ಕಂಪನಿ ಹಾಗೆ ಹೇಳದಿದ್ದರೂ ಎಂಜಿನ್ ಆಯಿಲನ್ನು ಒಮ್ಮೆ ಬೇಗ ಬದಲಿಸಿದರೆ ನಷ್ಟವೇನಿಲ್ಲ, ಆದರೆ ಕೈಪಿಡಿ ಹೇಳಿದ ಗ್ರೇಡನ್ನೇ ಹಾಕಿ. ದಪ್ಪ ಆಯಿಲ್ ಹಾಕಿದರೆ ರಕ್ಷಣೆ ಹೆಚ್ಚು ಎಂಬ ನಂಬಿಕೆಗೆ ಸೊಪ್ಪು ಹಾಕಬೇಡಿ.

ಬ್ರೇಕ್ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹೊಸ ಪ್ಯಾಡ್ ಡಿಸ್ಕನ್ನು ಬರೀ ಉಜ್ಜುವುದಿಲ್ಲ, ಬಿಸಿಯಾದಾಗ ತನ್ನದೇ ಪದಾರ್ಥದ ತೆಳು ಪದರವೊಂದನ್ನು ಡಿಸ್ಕಿಗೆ ಬಳಿಯುತ್ತದೆ. ಆ ಪದರ ಎಲ್ಲ ಕಡೆ ಸಮವಾಗಿದ್ದರೆ ಬ್ರೇಕ್ ಗಟ್ಟಿ, ನಯ. ಸಮವಾಗಿ ಬಳಿಸುವ ವಿಧಾನ ಹೀಗೆ: ಹಿಂದೆ ಮುಂದೆ ವಾಹನವಿಲ್ಲದ ರಸ್ತೆಯಲ್ಲಿ, ಕಾನೂನಿನ ವೇಗಮಿತಿಯೊಳಗೆ, 100 ಕಿ.ಮೀ. ವೇಗದಿಂದ 30ಕ್ಕೆ ಗಟ್ಟಿಯಾಗಿ ಬ್ರೇಕ್ ಹಾಕಿ. ಎಬಿಎಸ್ ನಡುಕ ಶುರುವಾಗುವಷ್ಟು ಒತ್ತಬೇಡಿ, ಕಾರನ್ನು ಪೂರ್ತಿ ನಿಲ್ಲಿಸಲೂ ಬೇಡಿ. ಹೀಗೆ 8ರಿಂದ 10 ಬಾರಿ. ಆಮೇಲೆ ಹತ್ತು ನಿಮಿಷ ಬ್ರೇಕ್ ಅಷ್ಟಾಗಿ ಬಳಸದೆ ಓಡಿಸಿ ಆರಿಸಿ. ಕೆಂಡದಂಥ ಬ್ರೇಕ್ ಒತ್ತಿಕೊಂಡೇ ನಿಂತರೆ ಪ್ಯಾಡ್ ಇದ್ದ ಜಾಗದಲ್ಲಿ ಮಾತ್ರ ಪದಾರ್ಥ ದಪ್ಪಗೆ ಅಂಟಿ, ಮುಂದೆ ಬ್ರೇಕ್ ಹಾಕಿದಾಗಲೆಲ್ಲ ಸ್ಟೀರಿಂಗ್ ನಡುಗುತ್ತದೆ. ‘ಡಿಸ್ಕ್ ಬೆಂಡ್ ಆಗಿದೆ’ ಅಂತ ಬದಲಿಸುವ ಎಷ್ಟೋ ಡಿಸ್ಕುಗಳ ನಿಜವಾದ ರೋಗ ಇದು. ಕಾರ್ಬನ್ ಸೆರಾಮಿಕ್ ಡಿಸ್ಕ್ ಇದ್ದರೆ ಈ ವಿಧಾನ ಬಿಟ್ಟು ಕಂಪನಿಯ ಸೂಚನೆಯನ್ನೇ ಪಾಲಿಸಿ. ಅಂಥ ಕಾರಿನ ಚಕ್ರ ಬಿಚ್ಚುವಾಗ ರಿಮ್ ಜಾರಿ ಡಿಸ್ಕಿನ ಅಂಚಿಗೆ ತಗುಲಿದರೆ ಚಕ್ಕೆ ಏಳುತ್ತದೆ. ರಿಮ್ ಹಿಡಿದಿಡುವ ಪಿನ್ ಹಾಕಿಯೇ ಬಿಚ್ಚಲು ಹೇಳಿ.

ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತಲೇ ಇರುತ್ತದೆ. ಡಾಟ್ 4 ದರ್ಜೆಯದು ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು, ತೇವ ಸೇರಿದ ಮೇಲೆ ಈ ಮಾನದಂಡ 155 ಡಿಗ್ರಿಗೆ ಇಳಿಯುತ್ತದೆ. ಘಾಟಿ ಇಳಿಯುವಾಗ ಅದು ಕುದಿದು ಗುಳ್ಳೆ ಎದ್ದರೆ ಪೆಡಲ್ ನೆಲಕ್ಕೆ ಹೋಗುತ್ತದೆ, ಕಾರು ನಿಲ್ಲುವುದಿಲ್ಲ. ಕಾರು ಓಡಲಿ ಬಿಡಲಿ, ಎರಡು ವರ್ಷಕ್ಕೊಮ್ಮೆ ಬದಲಿಸಿ.

ಇನ್ನು ದಿನದಿನದ ವಿಷಯ. ರನ್ನಿಂಗ್ ಇನ್ ಮುಗಿದರೂ ತಣ್ಣಗಿನ ಎಂಜಿನ್ ಪ್ರತಿ ಬೆಳಗ್ಗೆ ಅಷ್ಟೇ ಸೂಕ್ಷ್ಮ. ಎಂಜಿನ್ ತಂಪು ಮಾಡುವ ಕೂಲಂಟ್ ದ್ರವದ ಮೀಟರಿನ ಮುಳ್ಳು ಕೆಲವೇ ನಿಮಿಷದಲ್ಲಿ 90 ಡಿಗ್ರಿ ತಲುಪಿ ನಿಲ್ಲುತ್ತದೆ, ಅದನ್ನು ನೋಡಿ ಎಂಜಿನ್ ತಯಾರು ಅಂದುಕೊಳ್ಳುವುದು ತಪ್ಪು. ಆಯಿಲ್ ಬಿಸಿಯಾಗಲು ಅದಕ್ಕಿಂತ ಬಹಳ ಹೆಚ್ಚು ಹೊತ್ತು ಬೇಕು. ಆಯಿಲ್ ಉಷ್ಣಾಂಶ 80 ಡಿಗ್ರಿ ದಾಟುವವರೆಗೆ 3000 ಆರ್‌ಪಿಎಂ ಒಳಗೇ ಇರಿ. ಆಯಿಲ್ ಮೀಟರ್ ಇಲ್ಲದ ಕಾರಿನಲ್ಲಿ ಕೂಲಂಟ್ ಬಿಸಿಯಾದ ಬಳಿಕವೂ ಹತ್ತು ನಿಮಿಷ ತಡೆಯಿರಿ. ಹಾಗೆಂದು ನಿಂತಲ್ಲೇ ಬಿಸಿ ಮಾಡುವುದೂ ಬೇಡ. ತಣ್ಣಗಿನ ಎಂಜಿನ್‌ಗೆ ಪೆಟ್ರೋಲ್ ಹೆಚ್ಚು ಹೋಗುತ್ತದೆ, ಉರಿಯದೆ ಉಳಿದದ್ದು ಸಿಲಿಂಡರಿನ ಗೋಡೆಯ ಆಯಿಲನ್ನು ತೊಳೆದು ಕೆಳಗಿಳಿದು ಆಯಿಲಿಗೇ ಬೆರೆಯುತ್ತದೆ. ಸ್ಟಾರ್ಟ್ ಮಾಡಿ, ಅರ್ಧ ನಿಮಿಷ ಬಿಟ್ಟು, ಮೆಲ್ಲಗೆ ಹೊರಡಿ. ಹೀಗೆ ಓಡುವಾಗ ಗೇರ್‌ಬಾಕ್ಸ್, ಡಿಫರೆನ್ಷಿಯಲ್, ಟೈರ್ ಎಲ್ಲವೂ ಒಟ್ಟಿಗೆ ಬಿಸಿಯಾಗುತ್ತವೆ.

ಟರ್ಬೊ ಇದ್ದರೆ ನಿಲ್ಲಿಸುವಾಗಲೂ ಇದೇ ತಾಳ್ಮೆ ಬೇಕು. ಜೋರಾಗಿ ಓಡಿಸಿ ತಕ್ಷಣ ಆಫ್ ಮಾಡಿದರೆ ಎಂಜಿನ್ ಹೊಗೆಯಿಂದ ತಿರುಗುವ ಟರ್ಬೈನಿನ ಬಿಸಿ ಬೇರಿಂಗಿಗೆ ನುಗ್ಗಿ ಅಲ್ಲಿ ನಿಂತ ಆಯಿಲನ್ನು ಕರಿಕಟ್ಟಿಸುತ್ತದೆ. ಕೊನೆಯ ಎರಡು ಮೂರು ಕಿಲೋಮೀಟರ್ ಮೆಲ್ಲಗೆ ಬಂದರೆ ಸಾಕು, ಮನೆ ಮುಂದೆ ಐಡ್ಲಿಂಗ್‌ನಲ್ಲಿ ಕಾಯುವ ಅಗತ್ಯ ಬೀಳುವುದಿಲ್ಲ.

ಆಯಿಲ್ ಮಟ್ಟವನ್ನು 1000 ಕಿ.ಮೀ.ಗೊಮ್ಮೆ ನೋಡಿ. ರಿಂಗ್ ಕೂರುವವರೆಗೆ ಹೊಸ ಎಂಜಿನ್ ಸ್ವಲ್ಪ ಆಯಿಲ್ ತಿನ್ನುವುದು ಸಹಜ. ಕಡಿಮೆಯಾದರೆ ಕಾಲು ಲೀಟರಿನಂತೆ ಹಾಕಿ ಮತ್ತೆ ಅಳೆಯಿರಿ. ಗರಿಷ್ಠ ಗೆರೆ ಮೀರಿದರೆ ಪಿಸ್ಟನ್ನುಗಳು ತಿರುಗಿಸುವ ಕ್ರ್ಯಾಂಕ್ ದಂಡ ಆಯಿಲನ್ನು ಕಡೆದು ನೊರೆ ಎಬ್ಬಿಸುತ್ತದೆ, ನೊರೆಗೆ ಬೇರಿಂಗ್ ಕಾಯುವ ಶಕ್ತಿ ಇಲ್ಲ.

ಟೈರಿನ ಗಾಳಿಯನ್ನು ಕಾರು ಕನಿಷ್ಠ ಮೂರು ಗಂಟೆ ನಿಂತ ಮೇಲೆಯೇ ನೋಡಬೇಕು. ಹವೆ 10 ಡಿಗ್ರಿ ತಣ್ಣಗಾದರೆ ಸುಮಾರು 1.5 ಪಿಎಸ್‌ಐ ಇಳಿಯುತ್ತದೆ. ಓಡಿ ಬಿಸಿಯಾದ ಟೈರಿನಲ್ಲಿ ಒತ್ತಡ ಜಾಸ್ತಿ ತೋರಿಸಿತೆಂದು ಗಾಳಿ ತೆಗೆದರೆ ಮರುದಿನ ಬೆಳಗ್ಗೆ ಕಡಿಮೆಯಾಗಿರುತ್ತದೆ. ಇಂಥ ಕಾರುಗಳ ಟೈರಿನ ಪಕ್ಕೆ ಗಿಡ್ಡ. ಗುಂಡಿಗೆ ಬಿದ್ದರೆ ರಿಮ್ಮಿಗೂ ಗುಂಡಿಯ ಅಂಚಿಗೂ ನಡುವೆ ಜಜ್ಜಿ ಒಳಗಿನ ದಾರ ಹರಿಯುತ್ತದೆ, ಕೆಲ ದಿನದ ಬಳಿಕ ಪಕ್ಕೆಯಲ್ಲಿ ಗುಳ್ಳೆ ಉಬ್ಬುತ್ತದೆ. ಅದಕ್ಕೆ ರಿಪೇರಿಯಿಲ್ಲ, ಟೈರ್ ಬದಲಿಸುವುದೇ ದಾರಿ. ಬೇಸಿಗೆ ಟೈರುಗಳು 7 ಡಿಗ್ರಿಗಿಂತ ಕೆಳಗೆ ಗಡುಸಾಗಿ ಹಿಡಿತ ಕಳೆದುಕೊಳ್ಳುತ್ತವೆ, ಅಂಥ ಚಳಿಯಲ್ಲಿ ಮೊದಲ ಕೆಲವು ಕಿಲೋಮೀಟರ್ ಬಹಳ ಜಾಗ್ರತೆ. ಗಾತ್ರದಲ್ಲಿ ಹಿಂದಿನ ಟೈರ್ ಅಗಲವಾಗಿರುವ ಕಾರಿನಲ್ಲಿ ಹಿಂದಿನದನ್ನು ಮುಂದೆ ಹಾಕಲಾಗದು, ಹಾಗಾಗಿ ಹಿಂದಿನವು ಬೇಗ ಮುಗಿಯುತ್ತವೆ. ಟೈರಿನ ಗೀರುಗಳ ಆಳ 1.6 ಮಿ.ಮೀ.ಗೆ ಇಳಿಯುವವರೆಗೆ ಕಾನೂನು ಹಲವೆಡೆ ಬಿಡುತ್ತದೆ, ಆದರೆ ಅಗಲವಾದ ಟೈರ್ ನೀರಿನ ಮೇಲೆ ತೇಲುವುದು ಸುಲಭ. ಮಳೆಯಲ್ಲಿ ಓಡಿಸುವವರು 3 ಮಿ.ಮೀ. ಆದಾಗಲೇ ಬದಲಿಸುವುದು ಕ್ಷೇಮ.

ಓಡಿಸುವುದರಲ್ಲಿ ಮೊದಲು ಕೂರುವ ಭಂಗಿ ಸರಿ ಮಾಡಿಕೊಳ್ಳಿ. ಭುಜ ಸೀಟಿಗೆ ಒರಗಿರುವಾಗಲೇ ಮಣಿಕಟ್ಟು ಸ್ಟೀರಿಂಗಿನ ಮೇಲ್ತುದಿಗೆ ಸಿಗಬೇಕು, ಪೆಡಲ್ ಪೂರ್ತಿ ಒತ್ತಿದಾಗಲೂ ಮೊಣಕಾಲು ಕೊಂಚ ಮಡಚಿರಬೇಕು. ಎಂಜಿನ್ ಶಕ್ತಿ ಹಿಂದಿನ ಚಕ್ರಗಳಿಗೆ ಹೋಗುವ ಕಾರಿನಲ್ಲಿ, ಅದರಲ್ಲೂ ಎಂಜಿನ್ ಹಿಂದೆ ಅಥವಾ ನಡುವೆ ಇರುವ ಕಾರಿನಲ್ಲಿ, ತಿರುವಿನ ನಡುವೆ ಹೆದರಿ ಆಕ್ಸಲರೇಟರಿನಿಂದ ತಟ್ಟನೆ ಕಾಲು ತೆಗೆದರೆ ಭಾರ ಮುಂದಕ್ಕೆ ಸರಿದು ಹಿಂದಿನ ಚಕ್ರ ಹಗುರಾಗುತ್ತದೆ, ಹಿಂಭಾಗ ಹೊರಕ್ಕೆ ಜಾರುತ್ತದೆ. ನೇರ ರಸ್ತೆಯಲ್ಲೇ ವೇಗ ಇಳಿಸಿ ತಿರುವಿಗೆ ಹೋಗಿ, ಒಳಗೆ ಆಕ್ಸಲರೇಟರನ್ನು ಸ್ಥಿರವಾಗಿ ಹಿಡಿಯಿರಿ, ಸ್ಟೀರಿಂಗ್ ನೇರವಾದಷ್ಟೂ ಮಾತ್ರ ಹೆಚ್ಚಿಸಿ. ಸ್ಥಿರತೆ ಕಾಯುವ ಇಎಸ್‌ಸಿಯನ್ನು ಸಾರ್ವಜನಿಕ ರಸ್ತೆಯಲ್ಲಿ ಆಫ್ ಮಾಡಬೇಡಿ. ಮ್ಯಾನ್ಯುಯಲ್ ಗೇರಿನವರು ಇನ್ನೊಂದನ್ನು ನೆನಪಿಡಬೇಕು: ಮೂರರಿಂದ ನಾಲ್ಕಕ್ಕೆ ಹಾಕುವ ಅವಸರದಲ್ಲಿ ಎರಡಕ್ಕೆ ಬಿದ್ದರೆ ಚಕ್ರಗಳೇ ಎಂಜಿನ್ನನ್ನು ಕೆಂಪು ಗೆರೆಯಾಚೆ ತಿರುಗಿಸುತ್ತವೆ. ಸುತ್ತಿನ ಮಿತಿ ಕಾಯುವ ಕಂಪ್ಯೂಟರ್ ಪೆಟ್ರೋಲ್ ನಿಲ್ಲಿಸಬಲ್ಲದೇ ಹೊರತು ಇದನ್ನು ತಡೆಯಲಾರದು. ವಾಲ್ವುಗಳು ಪಿಸ್ಟನ್ನಿಗೆ ಬಡಿಯುವುದು ಹೀಗೆ. ಲಿವರನ್ನು ಮುಷ್ಟಿ ಕಟ್ಟಿ ಎಳೆಯದೆ, ಅಂಗೈಯಿಂದ ನೇರ ಹಿಂದಕ್ಕೆ ತನ್ನಿ. ಡ್ಯುಯಲ್ ಕ್ಲಚ್ (ಎರಡು ಕ್ಲಚ್‌ನಿಂದ ತಾನಾಗಿ ಗೇರ್ ಬದಲಿಸುವ ಗೇರ್‌ಬಾಕ್ಸ್) ಇದ್ದರೆ ಏರಿನಲ್ಲಿ ಆಕ್ಸಲರೇಟರ್ ಒತ್ತಿ ಕಾರನ್ನು ನಿಲ್ಲಿಸಿಕೊಳ್ಳಬೇಡಿ, ಕ್ಲಚ್ ಅರ್ಧ ಹಿಡಿದು ಉಜ್ಜಿ ಕಾಯುತ್ತದೆ. ಬ್ರೇಕ್ ಹಿಡಿಯಿರಿ.

ತೊಳೆದ ಕಾರನ್ನು ಹಾಗೇ ನಿಲ್ಲಿಸಿದರೆ ರಾತ್ರಿಯೊಳಗೆ ಡಿಸ್ಕ್ ತುಕ್ಕು ಹಿಡಿಯುತ್ತದೆ, ಒಂದು ಸುತ್ತು ಹೋಗಿ ಬ್ರೇಕ್ ಒಣಗಿಸಿ. ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಬ್ಯಾಟರಿ ಇಳಿಯದಂತೆ ಕಾಯುವ ಮೇಂಟೇನರ್ ಚಾರ್ಜರ್ ಹಾಕಿ. ವಾರಕ್ಕೊಮ್ಮೆ ಐದು ನಿಮಿಷ ಸ್ಟಾರ್ಟ್ ಮಾಡಿಡುವ ಅಭ್ಯಾಸದಿಂದ ಸೈಲೆನ್ಸರಿನಲ್ಲೂ ಆಯಿಲಿನಲ್ಲೂ ನೀರು ಕಟ್ಟುತ್ತದೆಯೇ ಹೊರತು ಉಪಯೋಗವಿಲ್ಲ. ಅರ್ಧ ಗಂಟೆ ಓಡಿಸಲಾಗದಿದ್ದರೆ ಸ್ಟಾರ್ಟ್ ಮಾಡದಿರುವುದೇ ಒಳ್ಳೆಯದು.

ಮಿತಿಯ ಕಿಲೋಮೀಟರ್ ಮುಗಿದ ದಿನವೇ ಕೆಂಪು ಗೆರೆಗೆ ಹೋಗಬೇಡಿ. ಪ್ರತಿ 200 ಕಿ.ಮೀ.ಗೆ 500 ಆರ್‌ಪಿಎಂನಂತೆ ಮಿತಿ ಏರಿಸುತ್ತ ಬನ್ನಿ. ಕೆಂಪು ಗೆರೆಯನ್ನು ಮೊದಲ ಸಲ ಮುಟ್ಟುವಾಗ ಆಯಿಲ್ 90 ಡಿಗ್ರಿ ದಾಟಿರಲಿ, ರಸ್ತೆ ನೇರ, ಒಣ, ಖಾಲಿ ಇರಲಿ. ಎರಡನೇ ಗೇರಿನಲ್ಲಿ ಎಳೆಸಿ, ಗೆರೆ ಮುಟ್ಟಿದ ಕ್ಷಣ ಮೂರಕ್ಕೆ ಹಾಕಿ. ಅಲ್ಲೇ ಹಿಡಿದು ನಿಲ್ಲಿಸಬೇಡಿ. ಮನೆಗೆ ಬಂದು ಕಾರು ಆರಿದ ಮೇಲೆ ಆಯಿಲ್ ಮಟ್ಟ ಇನ್ನೊಮ್ಮೆ ನೋಡಿ.