ಕೋಲಾರಕ್ಕೆ ಬಾರದ ಜಾನ್ ಟೇಲರ್

ಕೆಜಿಎಫ್‌ನ ಹಳಬರನ್ನು ಮಾತಿಗೆ ಎಳೆದರೆ ಐದು ನಿಮಿಷದೊಳಗೆ ‘ಜಾನ್ ಟೇಲರ್ ಕಾಲ’ ಬಂದೇ ಬರುತ್ತದೆ. ಬಂಗಲೆ ಯಾರದು? ಜಾನ್ ಟೇಲರ್‌ದು. ಕ್ಲಬ್? ಜಾನ್ ಟೇಲರ್‌ದು. ಕಾರ್ಮಿಕರ ಸಾಲುಮನೆ, ಅಂದರೆ ಲೈನ್ ಮನೆ? ಅದೂ ಅವನದೇ. ಕೇಳ್ತಾ ಹೋದರೆ ಯಾರೋ ದೊರೆ ಅಲ್ಲೇ ಕೂತು ಎಪ್ಪತ್ತು ವರ್ಷ ಆಳಿದ ಹಾಗೆ ಅನಿಸುತ್ತದೆ. ಆದರೆ ಆ ಹೆಸರಿನ ಮೂಲ ಪುರುಷ ತೀರಿಕೊಂಡದ್ದು 1863ರಲ್ಲಿ, ಲಂಡನ್ನಿನಲ್ಲಿ. ಅವನ ಮನೆತನದ ಕಂಪನಿ ಕೋಲಾರಕ್ಕೆ ಕಾಲಿಟ್ಟದ್ದು 1880ರಲ್ಲಿ.

ಕೆಜಿಎಫ್‌ನ ಚಿನ್ನದ ಗಣಿ 2001ರ ಫೆಬ್ರುವರಿ 28ಕ್ಕೆ ಮುಚ್ಚಿತು. ಅವತ್ತಿನಿಂದ ಮೂರು ಪ್ರಶ್ನೆ ಸುತ್ತುತ್ತಲೇ ಇವೆ. ಜಾಗ ಯಾರದು? ಮನೆ ಯಾರದು? ಚಿನ್ನ ತೆಗೆದು ಉಳಿದದ್ದನ್ನು ಗುಡ್ಡೆ ಹಾಕಿದ ಸೈನೈಡ್ ದಿಬ್ಬ ಯಾರದು? ಈ ಗಂಟಿನ ಮೊದಲ ಎಳೆ ಹುಡುಕಬೇಕಾದರೆ ಕೋಲಾರ ಬಿಟ್ಟು ಇಂಗ್ಲೆಂಡಿಗೆ ಹೋಗಬೇಕು.

ಜಾನ್ ಟೇಲರ್ ಹುಟ್ಟಿದ್ದು 1779ರಲ್ಲಿ, ನಾರ್ವಿಚ್‌ನಲ್ಲಿ. ಅದು ಗಣಿಯ ಊರೇ ಅಲ್ಲ. ಹುಡುಗ ಕಲಿತದ್ದು ಭೂಮಿ ಅಳೆಯುವ ಕೆಲಸ. ಹತ್ತೊಂಬತ್ತು ತುಂಬುವ ಹೊತ್ತಿಗೆ ಡೆವನ್‌ನ ‘ವೀಲ್ ಫ್ರೆಂಡ್‌ಶಿಪ್’ ಎಂಬ ತಾಮ್ರದ ಗಣಿಯ ಉಸ್ತುವಾರಿ ಕೈಗೆ ಬಂತು. ಈ ವೀಲ್ ಅಂದರೆ ಚಕ್ರ ಅಲ್ಲ, ಕಾರ್ನ್‌ವಾಲ್ ಕಡೆಯ ಮಾತಲ್ಲಿ ಗಣಿ. ಅಲ್ಲಿಂದ ಅದಿರು ಸಾಗಿಸಲು 1803ರಲ್ಲಿ ಟಾವಿಸ್ಟಾಕ್ ಕಾಲುವೆ ಶುರು ಮಾಡಿದ. ದಾರಿಗೆ ಗುಡ್ಡ ಅಡ್ಡ. ಗುಡ್ಡದ ಹೊಟ್ಟೆಯಲ್ಲೇ ಎರಡು ಕಿಲೋಮೀಟರ್‌ಗೂ ಉದ್ದದ ಸುರಂಗ ಕೊರೆಸಿದ. ಕೆಟ್ಟ ಗಾಳಿ ಹೊರಗೆ ಎಳೆಯಲು ತಾನೇ ಒಂದು ಯಂತ್ರ ಮಾಡಿದ. ಕೊರೆಯುವಾಗ ತಾಮ್ರವೂ ಸಿಕ್ಕಿತು. ಕಾಲುವೆ ಮುಗಿಯುವಾಗ 1817. ಇಷ್ಟು ತಾಳ್ಮೆ ಇದ್ದವನನ್ನು ಮೆಚ್ಚದೆ ಇರೋದು ಕಷ್ಟ.

ಅವನ ನಿಜವಾದ ಕೈಚಳಕ ಇದ್ದದ್ದು ಮಾತ್ರ ಸುರಂಗದಲ್ಲಲ್ಲ, ಲೆಕ್ಕದಲ್ಲಿ. 1819ರಲ್ಲಿ ಕಾರ್ನ್‌ವಾಲ್‌ನ ಗ್ವೆನ್ಯಾಪ್‌ನಲ್ಲಿ ನೀರು ತುಂಬಿ ಪಾಳು ಬಿದ್ದಿದ್ದ ಕನ್ಸಾಲಿಡೇಟೆಡ್ ಗಣಿಗಳನ್ನು ಮತ್ತೆ ತೆರೆಸಿದ. ಜಮೀನು ಇನ್ಯಾರದೋ, ಲೀಸ್‌ಗೆ ಪಡೆದದ್ದು. ದುಡ್ಡು ಗಣಿಯನ್ನೇ ನೋಡದ ಷೇರುದಾರರದು. ಕೆಳಗಿಳಿಯುವವರು ಊರಿನ ಜನ. ಟೇಲರ್‌ನದು ಬುದ್ಧಿ, ಪಂಪು ಮತ್ತು ಲೆಕ್ಕದ ಪುಸ್ತಕ. ಆ ಗಣಿಗಳು ಲೋಕದಲ್ಲೇ ದೊಡ್ಡ ತಾಮ್ರದ ಗಣಿಗಳ ಸಾಲಿಗೆ ಸೇರಿದವು. 1840ಕ್ಕೆ ಲೀಸ್ ಮುಗಿಯಿತು, ಗಣಿ ಬೇರೆ ಕೈಗೆ ಹೋಯಿತು. ಗುತ್ತಿಗೆಗೆ ಪಡೆದ ತೋಟದಲ್ಲಿ ಯಾರೂ ತೆಂಗಿನ ಸಸಿ ನೆಡುವುದಿಲ್ಲ, ಅಲ್ವಾ?

ಇದೇ ಲೆಕ್ಕ ಸಮುದ್ರ ದಾಟಿದಾಗ ತಪ್ಪಿತು. 1824ರಲ್ಲಿ ಮೆಕ್ಸಿಕೊದ ರಿಯಲ್ ಡೆಲ್ ಮಾಂಟೆ ಬೆಳ್ಳಿ ಗಣಿಗೆ ಕಂಪನಿ ಕಟ್ಟಿದರು. ಮರುವರ್ಷ ಸುಮಾರು 1,500 ಟನ್ ಯಂತ್ರ, ಜೊತೆಗೆ ಕಾರ್ನ್‌ವಾಲ್ ಆಳುಗಳು ಹಡಗು ಹತ್ತಿದರು. ವೆರಾಕ್ರೂಸ್ ಬಂದರಿನ ಕೋಟೆ ಇನ್ನೂ ಸ್ಪೇನಿನವರ ಕೈಯಲ್ಲಿತ್ತು. ಸಾಮಾನನ್ನು ಬರೀ ಮರಳ ದಂಡೆಯಲ್ಲೇ ಇಳಿಸಬೇಕಾಯಿತು. ಮೇಲೆ ಮಳೆ, ಒಳಗೆ ಹಳದಿ ಜ್ವರ. ಬೆಳ್ಳಿ ಹುಡುಕಿ ಬಂದವರಲ್ಲಿ ಎಷ್ಟೋ ಜನ ಆ ಮರಳಲ್ಲೇ ಮಣ್ಣಾದರು. ಉಳಿದವರು ಹೇಸರಗತ್ತೆ ಕಟ್ಟಿ ಬಾಯ್ಲರ್‌ಗಳನ್ನು ಬೆಟ್ಟ ಹತ್ತಿಸಿದರು. ಕಾಲು ಶತಮಾನ ಕಳೆದ ಮೇಲೆ ಕಂಪನಿ ಮಾರಾಟವಾಯಿತು. ನಷ್ಟ ಸುಮಾರು 50 ಲಕ್ಷ ಪೆಸೊ. ಕೊಂಡವರಿಗೆ ಸ್ವಲ್ಪ ದಿನದಲ್ಲೇ ಪಕ್ಕದ ಪಚುಕಾದಲ್ಲಿ ಒಳ್ಳೆ ಬೆಳ್ಳಿ ಹೊಡೆಯಿತು! ಕಾರ್ನ್‌ವಾಲ್ ಜನ ಬಿಟ್ಟುಹೋದ ಒಂದು ವಸ್ತು ಮಾತ್ರ ಅಲ್ಲಿ ಈಗಲೂ ಬಿಸಿಬಿಸಿ ಸಿಗುತ್ತದೆ: ಹೂರಣ ತುಂಬಿ ಸುಟ್ಟ ‘ಪಾಸ್ಟೆ’.

ವಿಕ್ಟೋರಿಯಾ ಪಟ್ಟಕ್ಕೆ ಬಂದಾಗ ಟೇಲರ್‌ಗೆ 57. ರಾಯಲ್ ಸೊಸೈಟಿಯ ಫೆಲೋ, ಬ್ರಿಟಿಷ್ ಅಸೋಸಿಯೇಷನ್‌ನ ಖಜಾಂಚಿ. ಕಾರ್ನ್‌ವಾಲ್‌ನಲ್ಲಿ ಗಣಿ ಕಲಿಸುವ ಶಾಲೆ ಬೇಕು ಅಂತ 1825ರಲ್ಲೇ ಬರೆದಿದ್ದ. ಆಗ ಯಾರೂ ಕಿವಿಗೊಡಲಿಲ್ಲ. ಆಮೇಲೆ ಕಂಪನಿ ಮಕ್ಕಳ ಕೈಗೆ, ಮೊಮ್ಮಕ್ಕಳ ಕೈಗೆ ಹೋಯಿತು. ಅವರಲ್ಲೂ ಜಾನ್‌ಗಳು ಇದ್ದದ್ದರಿಂದ ನಮ್ಮ ಗೊಂದಲ ಇನ್ನಷ್ಟು ಜಾಸ್ತಿ.

ಕೋಲಾರದ ಕಥೆ ಬಹಳ ಮಂದಿಗೆ ಗೊತ್ತು. ಲವೆಲ್ ಎಂಬ ನಿವೃತ್ತ ಸೈನಿಕ ಮೈಸೂರು ಸರ್ಕಾರದಿಂದ ಪರವಾನಗಿ ಪಡೆದ. ಅದು ಕೈಯಿಂದ ಕೈಗೆ ದಾಟಿತು. ಮೈಸೂರು ಮೈನ್ ಕಂಪನಿಯ ದುಡ್ಡು ಕರಗಿ ಬಾಗಿಲು ಹಾಕುವ ಹಂತಕ್ಕೆ ಬಂದಾಗ ಟೇಲರ್ ಮನೆಯವರು ‘ಇನ್ನೊಂದು ಸಲ ನೋಡೋಣ’ ಎಂದರು. ಅವರ ಗಣಿ ಮೇಲ್ವಿಚಾರಕ ಕ್ಯಾಪ್ಟನ್ ಪ್ಲಮ್ಮರ್ ಹಳೇ ಕಾಲದವರು ತೋಡಿ ಬಿಟ್ಟಿದ್ದ ಗುಂಡಿಗಳ ಕೆಳಗೆ ಇಳಿದ. ಚಾಂಪಿಯನ್ ರೀಫ್ ಎಂಬ ಚಿನ್ನದ ಪದರ ಸಿಕ್ಕಿತು. ಆಮೇಲೆ 1902ರಲ್ಲಿ ಶಿವನಸಮುದ್ರದ ಕರೆಂಟು, 3 ಕಿಲೋಮೀಟರ್‌ಗೂ ಆಳದ ಶಾಫ್ಟು, ಆಳದ ಒತ್ತಡಕ್ಕೆ ಬಂಡೆ ಸಿಡಿಯುವ ಏರ್ ಬ್ಲಾಸ್ಟಿನ ಸಾವುಗಳು, 1956ರಲ್ಲಿ ರಾಷ್ಟ್ರೀಕರಣ.

ಏರ್ಪಾಡು ಮಾತ್ರ ಗ್ವೆನ್ಯಾಪ್‌ನದೇ. ಭೂಮಿ ಲೀಸ್, ಸರ್ಕಾರಕ್ಕೆ ರಾಯಲ್ಟಿ, ಲಾಭ ಲಂಡನ್ನಿಗೆ. ಕೆಳಗಿಳಿಯಲು ತಮಿಳು, ತೆಲುಗು ಸೀಮೆಯಿಂದ ಬಂದವರು. ಅವರಿಗೆ ಮೊದಲು ಬಿದಿರು ತಟ್ಟಿಯ ಗುಡಿಸಲು, ಆಮೇಲೆ ಲೈನ್ ಮನೆ. ಮನೆ ಕೆಲಸದ ಜೊತೆಗೇ ಬರುತ್ತಿತ್ತು, ಕೆಲಸದ ಜೊತೆಗೇ ಹೋಗುತ್ತಿತ್ತು. ಕಲ್ಲನ್ನು ಹಿಟ್ಟು ಮಾಡಿ, ಸೈನೈಡ್‌ನಲ್ಲಿ ಚಿನ್ನ ಕರಗಿಸಿ ತೆಗೆದು, ಉಳಿದ ಬೂದಿಯಂಥ ಪುಡಿಯನ್ನು ಊರ ಪಕ್ಕದಲ್ಲೇ ಸುರಿದರು. ಅದು ಯಾರದು ಅಂತ ಯಾವ ಲೀಸಿಗೂ ತಲೆಕೆಡಿಸಿಕೊಳ್ಳುವ ಅಗತ್ಯ ಬೀಳಲಿಲ್ಲ. ಸರ್ಕಾರದ ಕೈಗೆ ಬಂದ ಮೇಲೂ ಅದೇ ಬೂದಿ, ಅದೇ ದಿಬ್ಬ. ಈಗ ಸುಮಾರು 3.3 ಕೋಟಿ ಟನ್ ಬಿದ್ದಿದೆ. ಅದರಲ್ಲಿ ಇನ್ನೂ ಒಂದಿಷ್ಟು ಚಿನ್ನ ಇರುವುದರಿಂದ ದಿಢೀರನೆ ಅದಕ್ಕೆ ವಾರಸುದಾರರು ಹುಟ್ಟಿದ್ದಾರೆ. 2013ರಲ್ಲಿ ಸುಪ್ರೀಂ ಕೋರ್ಟ್ ಜಾಗತಿಕ ಟೆಂಡರ್‌ಗೆ ದಾರಿ ಬಿಟ್ಟಿತು. 2024ರಲ್ಲಿ ರಾಜ್ಯ ಸಂಪುಟ 13 ದಿಬ್ಬಗಳ ಮೇಲ್ಮೈ ಗಣಿಗಾರಿಕೆಗೆ ಒಪ್ಪಿತು.

ಕಳೆದ ಆಷಾಢದ ಗಾಳಿಯಲ್ಲಿ ಚಾಂಪಿಯನ್ ರೀಫ್ಸ್ ಕಡೆಯ ಒಂದು ಲೈನ್ ಮನೆಗೆ ಹೋಗಿದ್ದೆ. ಟೀ ಲೋಟದ ಮೇಲೆ ತಟ್ಟೆ ಮುಚ್ಚಿ ತಂದುಕೊಟ್ಟರು. ಒಂದು ಗುಟುಕು ಕುಡಿದು ಮತ್ತೆ ಮುಚ್ಚಬೇಕು, ಇಲ್ಲದಿದ್ದರೆ ಟೀ ಮೇಲೆ ಬೂದು ಕೆನೆ. ದಿಬ್ಬ ತೆಗೀತಾರಂತೆ ಎಂದೆ. ಮನೆಯ ಹಿರಿಯರು ಕಿಟಕಿಯ ಚಿಲಕ ಬಿಗಿ ಮಾಡುತ್ತಾ, ‘ತೆಗೀಲಿ ಬಿಡಿ. ಈ ಮನೆ ಪತ್ರ ಯಾವಾಗ ಕೊಡ್ತಾರಂತೆ, ಅದೇನಾದ್ರೂ ಗೊತ್ತಾ?’ ಎಂದರು.