ಗುಕೇಶ್ ವಿಶ್ವ ಚಾಂಪಿಯನ್ ಆದವರು, ಮೂರು ನಿಮಿಷದ ಆಟದಲ್ಲಿ ಯಾಕೆ ಸೋಲ್ತಾರೆ?

ಪ್ರಶ್ನೆ: ನನ್ನ ಮಗ ಎಂಟನೇ ಕ್ಲಾಸು. ಮೊಬೈಲ್‌ನಲ್ಲಿ ದಿನಾ ಮೂರು ನಿಮಿಷದ ಚೆಸ್ ಆಡ್ತಾನೆ. ಗುಕೇಶ್ ಅಂದ್ರೆ ಪ್ರಾಣ. ಆದರೆ ಬ್ಲಿಟ್ಜ್, ಅಂದ್ರೆ ಮೂರೋ ಐದೋ ನಿಮಿಷದ ಆಟ, ಬಂದಾಗೆಲ್ಲ ಗುಕೇಶ್ ಸೋಲೋದು ನೋಡಿ ಅವನಿಗೆ ಬೇಜಾರು, ನನಗೆ ಗೊಂದಲ. ಇಷ್ಟು ದೊಡ್ಡ ಆಟಗಾರ ಬೇಗ ಆಡೋ ಆಟದಲ್ಲಿ ಯಾಕೆ ಹಿಂದೆ ಬೀಳ್ತಾರೆ? ಅವರು ಏನು ಸುಧಾರಿಸಿಕೊಳ್ಳಬೇಕು?
ಓದುಗರೊಬ್ಬರು, ಬಳ್ಳಾರಿ

ಉತ್ತರ: ಇದೇ ಪ್ರಶ್ನೆಯನ್ನು ಸಿಂಧನೂರು, ಗಂಗಾವತಿ ಕಡೆಯವರೂ ಕೇಳಿದ್ದಾರೆ. ಒಬ್ಬರಂತೂ ನೇರವಾಗಿ, "ಹಂಗಾದ್ರ ಚಾಂಪಿಯನ್ ಆಗಿದ್ದು ಅದೃಷ್ಟ ಏನ್ರೀ?" ಅಂದುಬಿಟ್ಟಿದ್ದಾರೆ.

ಅದೃಷ್ಟ ಅಲ್ಲ. ಅವರನ್ನು ಚಾಂಪಿಯನ್ ಮಾಡಿದ ಗುಣವೇ ಬ್ಲಿಟ್ಜ್‌ನಲ್ಲಿ ಅವರ ಕಾಲಿಗೆ ತೊಡರಿಕೊಳ್ಳುತ್ತೆ. ಗುಕೇಶ್ ಲೆಕ್ಕ ಹಾಕಿ ಆಡುವವರು. ಒಂದು ನಡೆ ಸರಿ ಅನ್ನಿಸಿದರೆ ಅವರಿಗೆ ಸಾಲದು, ಸರಿ ಅಂತ ಖಾತ್ರಿ ಆಗಬೇಕು. ಖಾತ್ರಿ ಮಾಡಿಕೊಳ್ಳೋಕೆ ಸಮಯ ಬೇಕು.

ಆ ಸಮಯ ಎಷ್ಟು ಅಂತ ಒಮ್ಮೆ ನೋಡಿ. 2024ರ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಮೊದಲ 40 ನಡೆಗೆ ಒಬ್ಬೊಬ್ಬರಿಗೆ 120 ನಿಮಿಷ ಇತ್ತು. ಅಂದ್ರೆ ಒಂದು ನಡೆಗೆ ಸರಾಸರಿ 3 ನಿಮಿಷ. ನಿಮ್ಮ ಮಗನಿಗೆ ಇಡೀ ಆಟಕ್ಕೆ ಸಿಗೋ ಸಮಯ ಅಲ್ಲಿ ಒಂದೇ ಒಂದು ನಡೆಗೆ ಸಿಗುತ್ತೆ. ಮೂರು ನಿಮಿಷದ ಆಟ 40 ನಡೆವರೆಗೆ ಹೋದರೆ ನಡೆಗೆ ಉಳಿಯೋದು ನಾಲ್ಕೂವರೆ ಸೆಕೆಂಡ್. ಅಷ್ಟರಲ್ಲೇ ನೋಡಬೇಕು, ಯೋಚಿಸಬೇಕು, ಕಾಯಿ ಸರಿಸಬೇಕು. ಇಲ್ಲಿ ಲೆಕ್ಕ ಹಾಕೋದು ಅನ್ನೋ ಮಾತೇ ಬರಲ್ಲ. ಕಣ್ಣು ಕಂಡದ್ದನ್ನು ಕೈ ಆಡಬೇಕು.

ನಮ್ಮ ಓದುಗ ಮಿತ್ರರಿಗೆ ಅರ್ಥ ಆಗೋ ಹಾಗೆ ಹೇಳ್ತೀನಿ. ಸಿಂಧನೂರಿನ ಭತ್ತದ ವ್ಯಾಪಾರಿ ಚೀಲಕ್ಕೆ ಕೈ ಹಾಕ್ತಾನೆ, ಒಂದು ಹಿಡಿ ತೆಗೀತಾನೆ, ಒಂದು ಕಾಳು ಹಲ್ಲಲ್ಲಿ ಕಡಿದು ದರ ಹೇಳಿಬಿಡ್ತಾನೆ. ತೇವ ಅಳೆಯೋ ಮಷೀನು ಪಕ್ಕದಲ್ಲೇ ಇದ್ದರೂ ಅವನಿಗೆ ಬೇಕಾಗಲ್ಲ. ಬ್ಲಿಟ್ಜ್ ಆಡೋದು ಹೀಗೆ. ಗುಕೇಶ್ ಮಷೀನು ಹಚ್ಚಿ ನೋಡುವ ಜಾತಿ.

ಇದಕ್ಕೆ ಒಳ್ಳೆಯ ಸಾಕ್ಷಿ 2025ರ ಜುಲೈನಲ್ಲಿ ಕ್ರೊವೇಷಿಯಾದ ಝಾಗ್ರೆಬ್‌ನಲ್ಲಿ ಸಿಕ್ಕಿತು. ಅದು ರ್ಯಾಪಿಡ್ (ಬ್ಲಿಟ್ಜ್‌ಗಿಂತ ನಿಧಾನ, ಆದರೂ ಬೇಗ ಮುಗಿಯೋ ಆಟ) ಮತ್ತು ಬ್ಲಿಟ್ಜ್ ಎರಡೂ ಸೇರಿದ ಟೂರ್ನಿ. ರ್ಯಾಪಿಡ್‌ನಲ್ಲಿ ಗುಕೇಶ್ 18ಕ್ಕೆ 14 ಅಂಕ ತೆಗೆದು ಎಲ್ಲರಿಗಿಂತ ಮುಂದಿದ್ದರು. ಮಾಜಿ ವಿಶ್ವ ಚಾಂಪಿಯನ್ ಮ್ಯಾಗ್ನಸ್ ಕಾರ್ಲ್‌ಸನ್ ಅವರನ್ನೂ ಸೋಲಿಸಿದರು. ಆಮೇಲೆ ಬ್ಲಿಟ್ಜ್ ಶುರುವಾಯಿತು. ಮೊದಲ ದಿನದ 9 ಆಟದಲ್ಲಿ ಬಂದದ್ದು ಒಂದೂವರೆ ಅಂಕ. ಎರಡು ದಿನ ಸೇರಿ 18 ಆಟದಲ್ಲಿ ಐದೂವರೆ. ಕಡೆಗೆ ಕಾರ್ಲ್‌ಸನ್ ಗೆದ್ದರು, ಗುಕೇಶ್ ಮೂರನೇ ಸ್ಥಾನಕ್ಕೆ ಇಳಿದರು. ಅದೇ ಊರು, ಅದೇ ಎದುರಾಳಿಗಳು, ಅದೇ ವಾರ. ಬದಲಾಗಿದ್ದು ಗಡಿಯಾರ ಮಾತ್ರ.

ಅದಕ್ಕೇ "ಗುಕೇಶ್‌ಗೆ ಬೇಗ ಆಡೋಕೆ ಬರಲ್ಲ" ಅನ್ನೋದು ಪೂರ್ತಿ ನಿಜ ಅಲ್ಲ. ರ್ಯಾಪಿಡ್ ಅವರಿಗೆ ಚೆನ್ನಾಗೇ ಬರುತ್ತೆ. 2022ರ ಅಕ್ಟೋಬರ್‌ನಲ್ಲಿ, ಇನ್ನೂ 16ರ ಹುಡುಗ, ಆನ್‌ಲೈನ್ ರ್ಯಾಪಿಡ್ ಟೂರ್ನಿಯಲ್ಲಿ ಆಗಿನ ವಿಶ್ವ ಚಾಂಪಿಯನ್ ಕಾರ್ಲ್‌ಸನ್ ಅವರನ್ನು ಸೋಲಿಸಿದ್ದರು. ತೊಂದರೆ ಇರೋದು ಗಡಿಯಾರ ಐದು ನಿಮಿಷಕ್ಕೆ, ಮೂರು ನಿಮಿಷಕ್ಕೆ ಇಳಿದಾಗ. ಫಿಡೆ (ವಿಶ್ವ ಚೆಸ್ ಒಕ್ಕೂಟ) ಪಟ್ಟಿಯಲ್ಲಿ ಅವರ ಬ್ಲಿಟ್ಜ್ ರೇಟಿಂಗ್ ಕ್ಲಾಸಿಕಲ್‌ಗಿಂತ, ಅಂದ್ರೆ ಗಂಟೆಗಟ್ಟಲೆ ನಡೆಯೋ ಆಟದ ರೇಟಿಂಗ್‌ಗಿಂತ, ನೂರಕ್ಕೂ ಜಾಸ್ತಿ ಅಂಕ ಕೆಳಗೆ ಇದ್ದದ್ದೂ ಇದನ್ನೇ ಹೇಳುತ್ತೆ.

ಈ ಸ್ವಭಾವ ಬಂದದ್ದು ಎಲ್ಲಿಂದ? ನನಗನ್ನಿಸೋದು, ಕಲಿತ ರೀತಿಯಿಂದ. ಚಿಕ್ಕವರಿದ್ದಾಗ ಗುಕೇಶ್‌ಗೆ ಕೋಚ್ ವಿಷ್ಣು ಪ್ರಸನ್ನ ಚೆಸ್ ಎಂಜಿನ್, ಅಂದ್ರೆ ಒಳ್ಳೆಯ ನಡೆ ಹೇಳಿಕೊಡೋ ಕಂಪ್ಯೂಟರ್ ಪ್ರೋಗ್ರಾಂ, ಮುಟ್ಟೋಕೆ ಬಿಟ್ಟಿರಲಿಲ್ಲ. ಬೇರೆ ಮಕ್ಕಳು ಕಂಪ್ಯೂಟರ್ ಹೇಳಿದ ನಡೆ ಬಾಯಿಪಾಠ ಮಾಡುವಾಗ, ಗುಕೇಶ್ ಬೋರ್ಡ್ ಮುಂದೆ ಕೂತು ತಾವೇ ಉತ್ತರ ಹುಡುಕಬೇಕಿತ್ತು. 2019ರ ಜನವರಿಯಲ್ಲಿ, 12 ವರ್ಷ 7 ತಿಂಗಳಿಗೆ, ಗ್ರ್ಯಾಂಡ್‌ಮಾಸ್ಟರ್ ಆದದ್ದು ಹೀಗೆ ಕಲಿತೇ. ಪ್ರತಿ ಸಲ ಮೊದಲಿಂದ ಯೋಚಿಸೋ ಅಭ್ಯಾಸ ಅಲ್ಲಿ ಬಲವಾಯಿತು. ಐದು ಗಂಟೆಯ ಆಟದಲ್ಲಿ ಇದು ಬಂಗಾರ. ಐದು ನಿಮಿಷದ ಆಟದಲ್ಲಿ ಇದೇ ದುಬಾರಿ.

ಸಿಂಗಪುರದಲ್ಲಿ ನಡೆದ ಆ ವಿಶ್ವ ಚಾಂಪಿಯನ್‌ಶಿಪ್‌ನ ಕೊನೆಯ, 14ನೇ ಆಟ ನೆನಪಿದೆಯಲ್ವಾ? 2024ರ ಡಿಸೆಂಬರ್ 12. ಅಂಕ ಸಮ, ಬೋರ್ಡ್ ಮೇಲೂ ಹೆಚ್ಚುಕಡಿಮೆ ಸಮ. ಇಬ್ಬರ ಹತ್ತಿರವೂ ಒಂದು ಆನೆ, ಒಂದು ಒಂಟೆ. ಗುಕೇಶ್ ಹತ್ತಿರ ಎರಡು ಪಾನ್ (ಸೈನಿಕ), ಎದುರಾಳಿ ಡಿಂಗ್ ಲಿರೆನ್ ಹತ್ತಿರ ಒಂದು. ಡ್ರಾ ಆದರೆ ಟೈಬ್ರೇಕ್, ಅಂದ್ರೆ ರ್ಯಾಪಿಡ್, ಅಲ್ಲೂ ಸಮ ಆದರೆ ಬ್ಲಿಟ್ಜ್. ಅಲ್ಲಿಗೆ ಹೋದರೆ ಡಿಂಗ್‌ಗೆ ಅನುಕೂಲ ಅಂತ ಬಹಳ ಜನ ಹೇಳುತ್ತಿದ್ದರು. ಗುಕೇಶ್ ಡ್ರಾಗೆ ಕೈ ಚಾಚಲಿಲ್ಲ, ಸುಮ್ನೆ ಆಡುತ್ತಾ ಹೋದರು. 55ನೇ ನಡೆಯಲ್ಲಿ ಡಿಂಗ್ ತಮ್ಮ ಆನೆಯನ್ನು ಎಫ್2 ಮನೆಗೆ ತಂದರು. ಅವರ ಒಂಟೆ ಎ8 ಮೂಲೆಯಲ್ಲಿ ಕೂತಿತ್ತು. ಗುಕೇಶ್ ಆನೆಗೆ ಆನೆ ಹೊಡೆದು, ಒಂಟೆಯನ್ನು ಡಿ5ಕ್ಕೆ ಇಟ್ಟರು. ಮೂಲೆಯ ಒಂಟೆಗೆ ತಪ್ಪಿಸಿಕೊಳ್ಳೋಕೆ ದಾರಿಯೇ ಇಲ್ಲ, ಒಂಟೆಗಳೂ ಹೋದವು. ಉಳಿದದ್ದು ರಾಜರು ಮತ್ತು ಪಾನ್‌ಗಳು, ಎರಡರ ಎದುರು ಒಂದು. ಮೂರೇ ನಡೆಯಲ್ಲಿ ಡಿಂಗ್ ಸೋಲು ಒಪ್ಪಿಕೊಂಡರು. ಡಿಂಗ್ ತಪ್ಪು ಮಾಡಿದರು ನಿಜ. ಆದರೆ ಆ ತಪ್ಪು ಬರೋವರೆಗೆ ಅವರನ್ನು ಕೂರಿಸಿಕೊಂಡು ಆಡಿಸಿದ್ದು ಗುಕೇಶ್. ಇಂಥ ತಾಳ್ಮೆಗೆ ಮೂರು ನಿಮಿಷದ ಆಟದಲ್ಲಿ ಜಾಗವೇ ಇಲ್ಲ.

ಇನ್ನೊಂದು ಕುತೂಹಲದ ಸಂಗತಿ. ಗಡಿಯಾರದಲ್ಲಿ ಸೆಕೆಂಡ್‌ಗಳಷ್ಟೇ ಉಳಿದಾಗ ಅವರು ಯಾವಾಗಲೂ ಕುಸಿಯೋದಿಲ್ಲ. 2025ರ ಜೂನ್ 1ರಂದು ನಾರ್ವೆ ಚೆಸ್‌ನಲ್ಲಿ ಕಾರ್ಲ್‌ಸನ್ ಎದುರು ಬಹಳ ಹೊತ್ತು ಸೋಲುವ ಸ್ಥಿತಿಯಲ್ಲಿದ್ದರು. ಅಲ್ಲಿ 40 ನಡೆ ದಾಟಿದ ಮೇಲೆ ಪ್ರತಿ ನಡೆಗೆ 10 ಸೆಕೆಂಡ್ ಸೇರುತ್ತಿತ್ತು. ಆ 10 ಸೆಕೆಂಡಿನ ಮೇಲೇ ಜೀವ ಹಿಡಿದುಕೊಂಡು ಆಡಿದರು. 52ನೇ ನಡೆಗೆ ಕಾರ್ಲ್‌ಸನ್ ಕುದುರೆಯಿಂದ ಚೆಕ್ ಕೊಟ್ಟು ಎಡವಿದರು. ಆಟ ತಿರುಗಿಬಿತ್ತು, ಕೊನೆಗೆ ಕಾರ್ಲ್‌ಸನ್ ಟೇಬಲ್ ಗುದ್ದಿದ ವಿಡಿಯೊ ನಿಮ್ಮ ಮಗ ಹತ್ತು ಸಲ ನೋಡಿರ್ತಾನೆ. ಆದರೆ ಅದೇ ಟೂರ್ನಿಯ ಕೊನೆಯ ದಿನ ಫಾಬಿಯಾನೊ ಕರುವಾನಾ ಎದುರು ಅದೇ ಥರದ ಸೆಕೆಂಡ್‌ಗಳ ಓಟದಲ್ಲಿ ಸೋತು ಮೂರನೇ ಸ್ಥಾನಕ್ಕೆ ನಿಂತರು. ಒಂದು ಕಡೆ ಕೈ ಹಿಡಿದದ್ದೇ ಇನ್ನೊಂದು ಕಡೆ ಬಿಟ್ಟಿತು. ಅದೇ ವರ್ಷ ಫೆಬ್ರುವರಿಯಲ್ಲಿ ನೆದರ್ಲೆಂಡ್ಸ್‌ನ ವೈಕ್ ಆನ್ ಜೀ ಟೂರ್ನಿಯ ಬ್ಲಿಟ್ಜ್ ಟೈಬ್ರೇಕ್‌ನಲ್ಲೂ ಮೊದಲ ಆಟ ಗೆದ್ದು, ಮುಂದಿನ ಎರಡನ್ನು ಪ್ರಜ್ಞಾನಂದ ಅವರಿಗೆ ಬಿಟ್ಟುಕೊಟ್ಟರು.

ಈಗ ಆನ್‌ಲೈನ್ ಮಾತು. ಪರದೆ ಮೇಲಿನ ಬ್ಲಿಟ್ಜ್ ಇನ್ನೂ ಬೇರೆಯೇ ಆಟ. ಅಲ್ಲಿ ಪ್ರೀಮೂವ್ ಅಂತ ಒಂದಿದೆ. ಎದುರಾಳಿ ಆಡೋ ಮೊದಲೇ ನಿಮ್ಮ ನಡೆ ಹಾಕಿಡಬಹುದು. ಚೆಸ್.ಕಾಮ್ ವೆಬ್‌ಸೈಟ್‌ನಲ್ಲಿ ಅದಕ್ಕೆ ಸೆಕೆಂಡಿನ ಹತ್ತನೇ ಒಂದು ಭಾಗ ಹೋಗುತ್ತೆ, ಒಂದರ ಹಿಂದೆ ಒಂದು ಹಲವು ನಡೆ ಹಾಕಿಡಬಹುದು. ಲಿಚೆಸ್‌ನಲ್ಲಿ ಸಮಯ ಹೋಗೋದೇ ಇಲ್ಲ, ಆದರೆ ಒಂದೇ ನಡೆ. ಅಮೆರಿಕದ ಹಿಕಾರು ನಕಾಮುರಾ ಇದರಲ್ಲಿ ಪಳಗಿದ ಕೈ. 2018ರಿಂದ 2022ರವರೆಗೆ ಸ್ಪೀಡ್ ಚೆಸ್ ಚಾಂಪಿಯನ್‌ಶಿಪ್ ಸತತ ಐದು ಸಲ ಗೆದ್ದವರು. ಅವರ ಆಟ ನೋಡಿದರೆ ಒಂದು ಗೊತ್ತಾಗುತ್ತೆ: ಅವರು ಅತ್ಯುತ್ತಮ ನಡೆ ಹುಡುಕುತ್ತಾ ಕೂರಲ್ಲ. ಕೆಡದ ನಡೆ ಸಿಕ್ಕರೆ ಆಡಿಬಿಡ್ತಾರೆ, ಕಷ್ಟದ ಪ್ರಶ್ನೆ ಎದುರಾಳಿಗೆ ದಾಟಿಸ್ತಾರೆ. ತ್ರಿಶೂರಿನ ನಿಹಾಲ್ ಸರಿನ್ ಕೂಡ ಇದೇ ಶಾಲೆಯವರು. ಜೂನಿಯರ್ ಸ್ಪೀಡ್ ಚೆಸ್ ಚಾಂಪಿಯನ್‌ಶಿಪ್ ಅನ್ನು 2020, 2021 ಎರಡೂ ವರ್ಷ ಗೆದ್ದರು. ಅರ್ಜುನ್ ಎರಿಗೈಸಿ 2025ರ ಡಿಸೆಂಬರ್‌ನಲ್ಲಿ ದೋಹಾದಲ್ಲಿ ವಿಶ್ವ ರ್ಯಾಪಿಡ್, ವಿಶ್ವ ಬ್ಲಿಟ್ಜ್ ಎರಡರಲ್ಲೂ ಕಂಚು ತಂದರು. ಭಾರತದ ಹುಡುಗರಿಗೆ ವೇಗ ಇಲ್ಲ ಅನ್ನೋ ಹಾಗಿಲ್ಲ. ಆನಂದ್ ಅವರಂತೂ 2017ರಲ್ಲಿ, 48 ತುಂಬಿದ ಮೇಲೆ, ವಿಶ್ವ ರ್ಯಾಪಿಡ್ ಗೆದ್ದರು.

(ಆನ್‌ಲೈನ್‌ನಲ್ಲಿ ಇಂಟರ್ನೆಟ್ಟೂ ಒಬ್ಬ ಆಟಗಾರ. 2020ರ ಆಗಸ್ಟ್ 30ರಂದು ಆನ್‌ಲೈನ್ ಒಲಿಂಪಿಯಾಡ್ ಫೈನಲ್‌ನಲ್ಲಿ ನಿಹಾಲ್ ಮತ್ತು ದಿವ್ಯಾ ದೇಶಮುಖ್ ಇಬ್ಬರ ಸಂಪರ್ಕವೂ ಕಡಿದು ಟೈಮ್ ಹೋಯಿತು. ಕೊನೆಗೆ ಭಾರತ, ರಷ್ಯಾ ಎರಡಕ್ಕೂ ಚಿನ್ನ ಹಂಚಿದರು. ಬಳ್ಳಾರಿಯ ಬೇಸಿಗೆಯಲ್ಲಿ ಕರೆಂಟ್ ಹೋಗಿ ಗೆಲ್ಲೋ ಆಟ ಕಳೆದುಕೊಂಡ ಮಕ್ಕಳಿಗೆ ಈ ಕಥೆ ಹೇಳಿ, ಸಮಾಧಾನ ಆಗುತ್ತೆ.)

ಹಾಗಾದರೆ ಗುಕೇಶ್ ಏನು ಸುಧಾರಿಸಬೇಕು? ನನ್ನ ಅಭಿಪ್ರಾಯ ಹೇಳ್ತೀನಿ. ಅವರ ಕೋಚ್‌ಗಳಿಗೆ ಇದು ನನಗಿಂತ ಚೆನ್ನಾಗಿ ಗೊತ್ತಿರುತ್ತೆ ಬಿಡಿ. ಮುಖ್ಯವಾದದ್ದು ಸಮಯ ಎಲ್ಲಿ ಖರ್ಚು ಮಾಡ್ತಾರೆ ಅನ್ನೋದು. ಬ್ಲಿಟ್ಜ್‌ನಲ್ಲಿ ಆಟದ ನಡುವೆ ಒಂದೇ ನಡೆಗೆ 40 ಸೆಕೆಂಡ್ ಕೊಟ್ಟರೆ, ಆ ನಡೆ ಎಷ್ಟೇ ಚೆನ್ನಾಗಿರಲಿ, ಕೊನೆಯ 10 ನಡೆಗೆ ಬೇಕಾದ ಸಮಯ ಅಲ್ಲೇ ಮುಗಿದಿರುತ್ತೆ. ಎರಡು ನಡೆ ಹೆಚ್ಚುಕಡಿಮೆ ಒಂದೇ ಅನ್ನಿಸಿದರೆ ಮೊದಲು ಕಂಡದ್ದನ್ನು ಆಡಿ ಮುಂದೆ ಹೋಗೋದು ಅವರು ರೂಢಿ ಮಾಡಿಕೊಳ್ಳಬೇಕು. ಅವರಿಗೆ ಅದು ಸುಲಭ ಅಲ್ಲ, ಮನಸ್ಸು ಒಪ್ಪಲ್ಲ. ಓಪನಿಂಗ್ (ಆಟದ ಮೊದಲ ನಡೆಗಳು) ಕೂಡ ಅಷ್ಟೇ. ಕ್ಲಾಸಿಕಲ್‌ಗೆ ತಯಾರಿಸಿದ ತೊಡಕಿನ ಸ್ಥಿತಿಗಳು ಬ್ಲಿಟ್ಜ್‌ಗೆ ಭಾರ. ಕಣ್ಣು ಮುಚ್ಚಿ ಆಡುವಷ್ಟು ಪರಿಚಯ ಇರೋ ಒಂದೆರಡು ಸರಳ ದಾರಿ ಇಟ್ಟುಕೊಂಡರೆ ಮೊದಲ ಹತ್ತು ನಡೆಗೆ ಸಮಯವೇ ಹೋಗಲ್ಲ. ಸೋತ ಆಟವನ್ನು ಮುಂದಿನ ಆಟಕ್ಕೆ ಹೊತ್ತುಕೊಂಡು ಹೋಗದೇ ಇರೋದೂ ಬೇಕು. ಬ್ಲಿಟ್ಜ್‌ನಲ್ಲಿ ಎರಡು ಆಟದ ನಡುವೆ ಸಿಗೋದು ಕೆಲವೇ ನಿಮಿಷ.

ಆದರೆ ಇದನ್ನೆಲ್ಲ ಸರಿಮಾಡೋಕೆ ಹೋಗಿ ಲೆಕ್ಕ ಹಾಕೋ ಗುಣವನ್ನು ತೆಳು ಮಾಡಿಕೊಂಡರೆ ನಷ್ಟ. ವಿಶ್ವ ಪಟ್ಟ ನಿರ್ಧಾರ ಆಗೋದು ಕ್ಲಾಸಿಕಲ್‌ನಲ್ಲೇ. ನಾನಾಗಿದ್ದರೆ ಬ್ಲಿಟ್ಜ್ ಅನ್ನು ಟೈಬ್ರೇಕ್‌ಗೆ ಬೇಕಾದಷ್ಟು ಮಾತ್ರ ಸುಧಾರಿಸಿಕೊಂಡು ಬಿಡುತ್ತಿದ್ದೆ.

ನಿಮ್ಮ ಮಗನ ವಿಷಯಕ್ಕೆ ಬಂದರೆ, ಮೂರು ನಿಮಿಷದ ಆಟ ಬೇಡ ಅನ್ನಬೇಡಿ. ಅದರಿಂದ ಓಪನಿಂಗ್ ಪಳಗುತ್ತೆ, ಖುಷಿಯೂ ಇದೆ. ಆದರೆ 3 ನಿಮಿಷದ ಬದಲು 3+2 ಆಡಲಿ, ಅಂದ್ರೆ ಪ್ರತಿ ನಡೆಗೆ 2 ಸೆಕೆಂಡ್ ಸೇರೋ ಆಟ. 60 ನಡೆಯ ಆಟದಲ್ಲಿ ನಡೆಗೆ 3 ಸೆಕೆಂಡ್ ಇದ್ದದ್ದು 5 ಆಗುತ್ತೆ, ಗೆದ್ದ ಎಂಡ್‌ಗೇಮ್ (ಆಟದ ಕೊನೆಯ ಹಂತ) ಟೈಮ್‌ನಿಂದ ಕೈತಪ್ಪೋದು ಕಡಿಮೆಯಾಗುತ್ತೆ. ದಿನಕ್ಕೊಂದಾದರೂ 15+10 ಆಟ ಇರಲಿ. ಚಿಕ್ಕ ಫೋನ್‌ನಲ್ಲಿ ಹೆಬ್ಬೆರಳಿಂದ ಕಾಯಿ ಎಳೆದರೆ ಒಂದು ಮನೆ ಹಿಂದೆಯೇ ಬಿದ್ದುಬಿಡುತ್ತೆ, ಅದಕ್ಕೆ ಎಳೆಯೋದರ ಬದಲು ಕಾಯಿ ಒತ್ತಿ, ಮನೆ ಒತ್ತೋ ಅಭ್ಯಾಸ ಮಾಡಿಸಿ.

ಭಾನುವಾರದ ಟೂರ್ನಿಗೆ ಕಳಿಸೋದಾದರೆ ಒಂದು ವಿಷಯ ಮೊದಲೇ ಹೇಳಿಕೊಡಿ. ಫೋನ್ ತಪ್ಪು ನಡೆ ಆಡೋಕೆ ಬಿಡೋದೇ ಇಲ್ಲ, ಹಾಗಾಗಿ ರಾಜನಿಗೆ ಚೆಕ್ ಬಿದ್ದದ್ದನ್ನು ಗಮನಿಸೋ ಕಣ್ಣೇ ಮಕ್ಕಳಿಗೆ ಬೆಳೆದಿರಲ್ಲ. ಬೋರ್ಡ್ ಮೇಲೆ ಯಾರೂ ತಡೆಯಲ್ಲ. ಚೆಕ್ ಬಿಟ್ಟು ಬೇರೆ ಕಾಯಿ ಆಡಿ ಗಡಿಯಾರ ಒತ್ತಿದರೆ ಫಿಡೆ ನಿಯಮದಂತೆ ರ್ಯಾಪಿಡ್‌ನಲ್ಲಿ ಎದುರಾಳಿಗೆ 2 ನಿಮಿಷ, ಬ್ಲಿಟ್ಜ್‌ನಲ್ಲಿ 1 ನಿಮಿಷ ಹೆಚ್ಚು ಸಿಗುತ್ತೆ. ಅದೇ ಆಟದಲ್ಲಿ ಎರಡನೇ ಸಲ ಹಾಗೆ ಮಾಡಿದರೆ ಸಾಮಾನ್ಯವಾಗಿ ಆಟವೇ ಹೋಗುತ್ತೆ.